ಮಂಜೇಶ್ವರದ ಮಾಸ್ಟ್ರಿಗೆ, ಮಟ್ ಸೆಟ್ಟಿಂಗಿನ ಬಗ್ಗೆ

ತೊಕ್ಕೊಟ್ಟು, ಮಂಗಳೂರು

ಪ್ರೀತಿಯ ಮಾಸ್ಟ್ರೇ,

ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಸಿಕೊಂಡು ಮಟ್ ಎಂಬ ಇಮೇಲ್ ತಂತ್ರಾಂಶ ತೆರೆದಿದ್ದೀರಿ ಎಂದು ಓದಿ ತುಂಬ ಖುಷಿಯಾಯಿತು. ಇಮೇಲ್ ಓದಲು ಬರೀ ಅಕ್ಷರದ ಪರದೆ ಸಾಕು ಎಂದು ನಿರ್ಧರಿಸಿದವರು ನನ್ನ ಪರಿಚಯದಲ್ಲಿ ಕಡಿಮೆ. "ಒತ್ತಲಿಕ್ಕೆ ಒಂದು ಬಟನ್ನೂ ಇಲ್ಲ, ಆದರೆ ಕೈಪಿಡಿಯಲ್ಲಿ ನೂರಾರು ಆಯ್ಕೆಗಳು ಉಂಟು, ಯಾವುದನ್ನು ಹಿಡಿಯಲಿ, ಯಾವುದನ್ನು ಬಿಡಲಿ?" ಎಂದು ಕೇಳಿದ್ದೀರಿ. ಹೆಚ್ಚಿನವನ್ನು ಬಿಟ್ಟುಬಿಡಿ. ಮಟ್ ಹುಟ್ಟುವಾಗಲೇ ಹೊತ್ತು ತಂದ ಬೆಲೆಗಳು ಬಹುಮಟ್ಟಿಗೆ ಒಳ್ಳೆಯವು. ನೀವು ಕೈಹಾಕಬೇಕಾದ್ದು ಎರಡು ಕಡೆ ಮಾತ್ರ: ಕನ್ನಡ ಸರಿಯಾಗಿ ಹೋಗಿ ಬರುವ ವ್ಯವಸ್ಥೆಗೆ, ಮತ್ತು ಯಾರ ಜೊತೆ ಹೇಗೆ ಪತ್ರವ್ಯವಹಾರ ಮಾಡುತ್ತೀರಿ ಎಂಬ ನಿಮ್ಮದೇ ಪದ್ಧತಿಗೆ. ಎರಡನೆಯದನ್ನು ಇನ್ಯಾರೋ ನಿಮಗಾಗಿ ತೀರ್ಮಾನಿಸುವುದು ನನಗೆ ಒಪ್ಪಿಗೆಯಿಲ್ಲ. ಮಟ್ ನನಗೆ ಇಷ್ಟವಾಗಿರುವುದೂ ಅದಕ್ಕೇ.

ಮೈಕೆಲ್ ಎಲ್ಕಿನ್ಸ್ ಇದನ್ನು ಬರೆದದ್ದು 1995ರಲ್ಲಿ. ಅದೇ ವರ್ಷ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ನಮ್ಮ ದೇಶದ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆಯಿತು. ಆಗ ವಿದ್ಯಾರ್ಥಿಗಳಿಗೆ ಸಿಗುತ್ತಿದ್ದ ಅಗ್ಗದ ಶೆಲ್ ಖಾತೆಯಲ್ಲಿ ಚಿತ್ರವೇ ಇರಲಿಲ್ಲ. ಜಾಲತಾಣ ನೋಡಲು ಲಿಂಕ್ಸ್, ಅಂಚೆಗೆ ಪೈನ್, ಎರಡೂ ಬರೀ ಅಕ್ಷರ. ಪೈನ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಕೂಸು, 1989ರಲ್ಲಿ ಶುರುವಾದದ್ದು. ಅದರ ಮರುಜನ್ಮವಾದ ಆಲ್ಪೈನ್ 2007ರಿಂದ ನಡೆಯುತ್ತಿದೆ. ಫೈಲು ಬರೆಯುವ ಕೆಲಸವೇ ಬೇಡವೆನಿಸಿದರೆ ಆಲ್ಪೈನ್ ಹಾಕಿಕೊಳ್ಳಿ. ಮುಖ್ಯ ಪರದೆಯಲ್ಲಿ ಎಸ್, ಆಮೇಲೆ ಸಿ ಒತ್ತಿದರೆ ಆಯ್ಕೆಗಳ ಪಟ್ಟಿ ಬರುತ್ತದೆ, ಬೇಕಾದ್ದರ ಮುಂದೆ ಗುರುತು ಹಾಕಿದರೆ ಆಯಿತು. ಆದರೂ ನೀವು ಮಟ್‌ನಲ್ಲೇ ಉಳಿಯಬೇಕೆಂದು ನನ್ನ ಆಸೆ. ಕಾರಣ ಮುಂದೆ ಗೊತ್ತಾಗುತ್ತದೆ.

ನಿಮ್ಮ ಹೋಮ್ ಫೋಲ್ಡರಿನಲ್ಲಿ ಮಟ್‌ಆರ್‌ಸಿ ಎಂಬ ಫೈಲು ಮಾಡಿ, ಹೆಸರಿನ ಮುಂದೆ ಒಂದು ಚುಕ್ಕಿ ಇಡಿ. ಒಂದು ಸಾಲಿಗೆ ಒಂದು ಆಯ್ಕೆ. ಹ್ಯಾಶ್ ಗುರುತಿನಿಂದ ಶುರುವಾದ ಸಾಲನ್ನು ಮಟ್ ಓದುವುದಿಲ್ಲ, ಅಲ್ಲಿ ನೀವು ಕನ್ನಡದಲ್ಲೇ ಕಾರಣ ಬರೆದಿಡಿ: ಇದನ್ನು ಯಾಕೆ ಬದಲಿಸಿದೆ, ಯಾರಿಗಾಗಿ ಬದಲಿಸಿದೆ ಎಂದು. ಎರಡು ವರ್ಷ ಕಳೆದ ಮೇಲೆ ನೆರವಾಗುವುದು ಆ ಸಾಲುಗಳೇ. ಈ ಪತ್ರದಲ್ಲಿ ಆಯ್ಕೆಗಳ ಹೆಸರನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಫೈಲಿನಲ್ಲಿ ಅವು ಇಂಗ್ಲಿಷಿನ ಸಣ್ಣಕ್ಷರದಲ್ಲಿರಬೇಕು, ಒಂದಕ್ಕಿಂತ ಹೆಚ್ಚು ಪದವಿದ್ದರೆ ಸಾಮಾನ್ಯವಾಗಿ ನಡುವೆ ಅಡಿಗೆರೆ. ಕಾಗುಣಿತದ ಸಂಶಯ ಬಂದಾಗ ಟರ್ಮಿನಲ್‌ನಲ್ಲಿ ಮ್ಯಾನ್ ಮಟ್‌ಆರ್‌ಸಿ ಎಂದು ಟೈಪ್ ಮಾಡಿ. ಪೂರ್ತಿ ಪಟ್ಟಿ ಅಲ್ಲೇ ಉಂಟು, ಇಂಟರ್ನೆಟ್ ಬೇಡ.

ಮೊದಲು ಕನ್ನಡದ ವಿಷಯ. ನೇತ್ರಾವತಿ ದಾಟಿ ಈಚೆಗೆ ಬಂದರೆ ನಮ್ಮಲ್ಲಿ ತುಳು, ಬ್ಯಾರಿ, ಕೊಂಕಣಿ ಮೂರನ್ನೂ ಜನ ಕನ್ನಡ ಲಿಪಿಯಲ್ಲೇ ಬರೆಯುತ್ತಾರೆ. ನಿಮ್ಮ ಕಡೆಯೂ ಹಾಗೆಯೇ ತಾನೆ. ಹಾಗಾಗಿ ಈ ಒಂದು ಲಿಪಿ ಸರಿಯಾದರೆ ನಾಲ್ಕು ಭಾಷೆಯ ಕಾಗದ ಸರಿಯಾದಂತೆ.

ಕ್ಯಾರ್‌ಸೆಟ್ ಎಂಬ ಆಯ್ಕೆಯನ್ನು ಕಂಡ ಕೂಡಲೇ ಬದಲಿಸಬೇಕೆನಿಸುತ್ತದೆ. ಮುಟ್ಟಬೇಡಿ. ಅದು ಕಂಪ್ಯೂಟರಿನ ಲೊಕೇಲ್, ಅಂದರೆ ಭಾಷೆಯ ಸೆಟ್ಟಿಂಗ್ ನೋಡಿ ತಾನೇ ನಿರ್ಧರಿಸುತ್ತದೆ, ಲೊಕೇಲ್ ಯುಟಿಎಫ್-8 ಆಗಿದ್ದರೆ ಸಾಕು. ಕಳುಹಿಸುವಾಗ ನೋಡುವುದು ಸೆಂಡ್ ಕ್ಯಾರ್‌ಸೆಟ್ ಎಂಬ ಪಟ್ಟಿಯನ್ನು. ಅದರಲ್ಲಿ ಮೊದಲು ಅಸ್ಕಿ, ಆಮೇಲೆ ಪಶ್ಚಿಮ ಯುರೋಪಿನ ಐಎಸ್‌ಒ 8859-1, ಕೊನೆಗೆ ಯುಟಿಎಫ್-8. ಪತ್ರದ ಎಲ್ಲ ಅಕ್ಷರಗಳೂ ಹಿಡಿಸುವ ಮೊದಲ ಪೆಟ್ಟಿಗೆ ಯಾವುದೋ ಅದನ್ನು ಮಟ್ ಆರಿಸಿಕೊಳ್ಳುತ್ತದೆ. ಕನ್ನಡ ಮೊದಲೆರಡರಲ್ಲಿ ಹಿಡಿಸುವುದಿಲ್ಲ, ನೇರ ಮೂರನೆಯದಕ್ಕೆ ಹೋಗುತ್ತದೆ. ನೀವು ಏನೂ ಮಾಡಬೇಕಾಗಿಲ್ಲ.

ವಿಷಯದ ಸಾಲು ಕೆಲವೊಮ್ಮೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸರಮಾಲೆಯಾಗಿ ಕಾಣುತ್ತದೆ ಎಂದು ಬರೆದಿದ್ದಿರಿ. ಅದು ಹಾಳಾದದ್ದಲ್ಲ. ಇಮೇಲಿನ ಮೂಲ ನಿಯಮ 1982ರದು, ಅದು ಏಳು ಬಿಟ್ಟಿನ ಇಂಗ್ಲಿಷಿಗಾಗಿ ಮಾಡಿದ್ದು. ಬೇರೆ ಲಿಪಿಗಳನ್ನು ಅದರೊಳಗೆ ಕಟ್ಟಿ ಕಳುಹಿಸುವ ಕ್ರಮ ಬಂದದ್ದು 1990ರ ದಶಕದಲ್ಲಿ, ಮೈಮ್ ಎಂಬ ಹೆಸರಿನಲ್ಲಿ. ಕನ್ನಡದ ಪ್ರತಿ ಸಂಕೇತಕ್ಕೂ ಯುಟಿಎಫ್-8ನಲ್ಲಿ ಮೂರು ಬೈಟು. ಬೇಸ್-64 ಎಂಬ ಕಟ್ಟು ಮೂರು ಬೈಟನ್ನು ನಾಲ್ಕು ಅಕ್ಷರ ಮಾಡುತ್ತದೆ. ಹಾಗಾಗಿ 'ಕ' ಎಂಬುದು ನಾಲ್ಕು, ಎಲ್, ಕೆ, ವಿ ಎಂದಾಗುತ್ತದೆ. ಕನ್ನಡದಿಂದ ಆರಂಭವಾಗುವ ಕಟ್ಟು ಯಾವಾಗಲೂ ನಾಲ್ಕು, ಎಲ್ ಎಂದೇ ಶುರು, ಮೂರನೆಯದು ಕೆ ಅಥವಾ ಒ. ಆ ಗುರುತು ಕಂಡರೆ ಒಳಗೆ ಕನ್ನಡ ಕ್ಷೇಮವಾಗಿದೆ ಎಂದು ತಿಳಿಯಿರಿ. ಕೆಲವು ತಂತ್ರಾಂಶಗಳು ಈ ಕಟ್ಟನ್ನು ನಿಯಮದಂತೆ ಕಟ್ಟುವುದಿಲ್ಲ. ಅಂಥವಕ್ಕೆಂದೇ ಆರ್‌ಎಫ್‌ಸಿ 2047 ಪ್ಯಾರಾಮೀಟರ್ಸ್ ಎಂಬ ಆಯ್ಕೆ ಇದೆ. ಲಗತ್ತಿಸಿದ ಫೈಲಿನ ಕನ್ನಡ ಹೆಸರು ಹೀಗೆ ಕಟ್ಟಿಕೊಂಡೇ ಬಂದರೆ ಅದನ್ನು ಯೆಸ್ ಮಾಡಿ.

ನಿಮ್ಮ ಹಳೆಯ ಪತ್ರಗಳ ಸಂಗತಿ ಬೇರೆ. ನುಡಿ, ಬರಹಗಳ ಅಸ್ಕಿ ಫಾಂಟಿನಲ್ಲಿ ಬರೆದ ಕಾಲದ ಪತ್ರಗಳಲ್ಲಿ ಇರುವುದು ನಿಜಕ್ಕೂ ಇಂಗ್ಲಿಷ್ ಸಂಕೇತಗಳೇ, ಫಾಂಟು ಮಾತ್ರ ಅವಕ್ಕೆ ಕನ್ನಡದ ರೂಪ ಕೊಡುತ್ತಿತ್ತು. ಕ್ಯಾರ್‌ಸೆಟ್ ತಿರುಗಿಸಿದರೆ ಅವು ಸರಿಯಾಗುವುದಿಲ್ಲ. ಅದಕ್ಕೆ ಡಿಸ್‌ಪ್ಲೇ ಫಿಲ್ಟರ್ ಎಂಬ ಆಯ್ಕೆ ಉಂಟು: ಪತ್ರವನ್ನು ಪರದೆಗೆ ತರುವ ಮೊದಲು ನೀವು ಹೇಳಿದ ಪ್ರೋಗ್ರಾಮಿನ ಮೂಲಕ ಹಾಯಿಸುತ್ತದೆ. ಅಸ್ಕಿಯಿಂದ ಯುನಿಕೋಡಿಗೆ ಪರಿವರ್ತಿಸುವ ಪ್ರೋಗ್ರಾಮನ್ನು ಅಲ್ಲಿ ಇಟ್ಟು, ಫೋಲ್ಡರ್-ಹುಕ್ ಎಂಬ ಆದೇಶ ಬಳಸಿ ಹಳೆಯ ಪತ್ರಗಳ ಫೋಲ್ಡರಿಗೆ ಮಾತ್ರ ಅನ್ವಯಿಸಿ, ಬೇರೆ ಫೋಲ್ಡರಿಗೆ ಹೋದಾಗ ತೆಗೆದುಹಾಕುವ ಸಾಲನ್ನೂ ಬರೆಯಿರಿ. ಮೂಲ ಪತ್ರ ಬದಲಾಗುವುದಿಲ್ಲ, ನೋಟ ಮಾತ್ರ ಬದಲಾಗುತ್ತದೆ. ನಿಮ್ಮ ಶಾಲೆಯ ದಿನಗಳ ಆ ಕಾಗದಗಳನ್ನು ಹೀಗೆ ಮತ್ತೆ ಓದುವಂತಾದರೆ ಮಟ್ ಕಲಿತ ಶ್ರಮ ಅಷ್ಟಕ್ಕೇ ಸಾರ್ಥಕ.

ಇನ್ನು ಪರದೆ. ಟರ್ಮಿನಲ್ ಎಂಬುದು ಚೌಕುಳಿ ಹಾಕಿದ ಲೆಕ್ಕದ ಪುಸ್ತಕದಂತೆ, ಪ್ರತಿ ಅಕ್ಷರಕ್ಕೂ ಇಷ್ಟೇ ಮನೆ ಎಂದು ಗೊತ್ತುಮಾಡಿರುತ್ತದೆ. 'ಸ್ತ್ರೀ' ನಮಗೆ ಒಂದು ಅಕ್ಷರ, ಒಳಗಿರುವುದು ಆರು ಸಂಕೇತ. ಎಷ್ಟು ಮನೆ ಕೊಡಬೇಕೆಂಬುದರಲ್ಲಿ ಟರ್ಮಿನಲ್ಲಿಗೂ ಮಟ್‌ಗೂ ಹೊಂದಾಣಿಕೆ ತಪ್ಪುತ್ತದೆ, ಒತ್ತಕ್ಷರ ಒಡೆದು ಕಾಣುತ್ತದೆ, ಪಟ್ಟಿಯ ಸಾಲು ಓರೆಯಾಗುತ್ತದೆ. ಬಹುಭಾಷೆಗಾಗಿಯೇ ಮಾಡಿದ ಎಂಎಲ್‌ಟರ್ಮ್ ಎಂಬ ಟರ್ಮಿನಲ್ ಇದೆ, ಅದನ್ನೊಮ್ಮೆ ಹಾಕಿ ನೋಡಿ. ಆಮೇಲೆ ಇಂಡೆಕ್ಸ್ ಫಾರ್ಮ್ಯಾಟ್ ಎಂಬ ಆಯ್ಕೆಯಲ್ಲಿ ಕ್ರಮ ಬದಲಿಸಿ: ಅಂಕಿ ಮತ್ತು ದಿನಾಂಕ ಎಡಕ್ಕೆ, ಕನ್ನಡ ಬರುವ ಹೆಸರು ಮತ್ತು ವಿಷಯ ಬಲತುದಿಗೆ. ಅಗಲದ ಲೆಕ್ಕ ತಪ್ಪಿದರೂ ಸಾಲಿನ ಕೊನೆಯಲ್ಲಿ ತಪ್ಪುತ್ತದೆ, ಮುಂದಿನದನ್ನು ನೂಕುವುದಿಲ್ಲ.

ಬರೆಯುವುದಕ್ಕೆ ಟರ್ಮಿನಲ್ ಬೇಕೆಂದೇ ಇಲ್ಲ. ಎಡಿಟರ್ ಎಂಬ ಆಯ್ಕೆಯಲ್ಲಿ ಜಿಎಡಿಟ್ ಅಥವಾ ಕೇಟ್ ಹೆಸರು ಕೊಡಬಹುದು. ಜಿಎಡಿಟ್ ಆದರೆ ವೇಟ್, ಕೇಟ್ ಆದರೆ ಬ್ಲಾಕ್ ಎಂಬ ಸೂಚನೆಯನ್ನೂ ಸೇರಿಸಿ, ಇಲ್ಲದಿದ್ದರೆ ನೀವು ಬರೆಯುವ ಮೊದಲೇ ಮಟ್ ಮುಂದೆ ಹೋಗಿರುತ್ತದೆ. ಆಗ ಒತ್ತು, ದೀರ್ಘ ಎಲ್ಲ ಸರಿಯಾಗಿ ಕಾಣುತ್ತವೆ. ಕೀಲಿಮಣೆ ನೀವು ನುಡಿಯಲ್ಲಿ ಕಲಿತದ್ದೇ ಸಾಕು. ಲಿನಕ್ಸಿನ ಐಬಸ್‌ನಲ್ಲಿ ಕೆಜಿಪಿ ಎಂಬ ಹೆಸರಿನಲ್ಲಿ ಸಿಗುವುದು ಕೆ. ಪಿ. ರಾವ್ ಅವರ ಅದೇ ವಿನ್ಯಾಸ. ಅವರು ಹುಟ್ಟಿದ್ದು ಮಂಗಳೂರಿನ ಪಕ್ಕದ ಕಿನ್ನಿಕಂಬಳದಲ್ಲಿ. ಆ ಕೀಲಿಮಣೆಯಲ್ಲಿ 'ಸ್ತ್ರೀ' ಬರೆಯಲು ಆರು ಸಲ ಒತ್ತುತ್ತೇವೆ, ಯುನಿಕೋಡಿನಲ್ಲಿ ಆಗುವುದೂ ಆರೇ ಸಂಕೇತ. ಕನ್ನಡದ ಅಕ್ಷರ ಹೇಗೆ ಕೂಡಿಕೊಳ್ಳುತ್ತದೆ ಎಂಬುದನ್ನು ಅಷ್ಟು ನಿಚ್ಚಳವಾಗಿ ಕಂಡವರು ಅವರು, ಪ್ರತಿಸಲ ಟೈಪ್ ಮಾಡುವಾಗ ನನಗೆ ಗೌರವ ಉಕ್ಕುತ್ತದೆ.

ಈಗ ನನಗೆ ಅತ್ಯಂತ ಪ್ರಿಯವಾದ ಸಾಲು. "ಫೋಟೊ ಲಗತ್ತಿಸಿದ್ದೇನೆ" ಎಂದು ಬರೆದು ಫೋಟೊ ಹಾಕದೆ ಕಳುಹಿಸುವುದು ಎಲ್ಲರ ಅನುಭವ. ಮಟ್‌ನಲ್ಲಿ ಅಬಾರ್ಟ್ ನೋಅಟ್ಯಾಚ್ ಎಂಬ ಆಯ್ಕೆ ಇದೆ. ಪತ್ರದಲ್ಲಿ ಲಗತ್ತಿನ ಮಾತಿದ್ದು ಲಗತ್ತು ಇಲ್ಲದಿದ್ದರೆ ತಡೆದು ಕೇಳುತ್ತದೆ. ಯಾವ ಪದ ಕಂಡರೆ ತಡೆಯಬೇಕೆಂಬುದು ಅದರ ಜೊತೆಯ ಇನ್ನೊಂದು ಆಯ್ಕೆಯಲ್ಲಿ, ಅದರಲ್ಲಿ ಮೊದಲಿನಿಂದ ಇರುವುದು ಇಂಗ್ಲಿಷ್ ಅಟ್ಯಾಚ್ ಮಾತ್ರ. ಅಲ್ಲಿ ಕನ್ನಡ ಸೇರಿಸಿ. ಇಲ್ಲಿ ನಮ್ಮ ಭಾಷೆಯ ಗುಣ ಕೈಹಿಡಿಯುತ್ತದೆ: ಲಗತ್ತು, ಲಗತ್ತಿಸಿ, ಲಗತ್ತಿನಲ್ಲಿ, ಲಗತ್ತಾಗಿ ಎಲ್ಲದಕ್ಕೂ ಬುಡ ಒಂದೇ, ಬದಲಾಗುವುದು ಬಾಲ. ಕಂಪ್ಯೂಟರಿಗೆ ಸ್ವರಚಿಹ್ನೆ ಬೇರೆಯೇ ಸಂಕೇತವಾದ್ದರಿಂದ 'ಲಗತ್ತ' ಎಂದಷ್ಟೇ ಕೊಟ್ಟರೆ ಎಲ್ಲ ರೂಪಗಳೂ ಸಿಕ್ಕಿಬೀಳುತ್ತವೆ. 'ಫೋಟ' ಎಂದರೆ ಫೋಟೊ, ಫೋಟೋ ಎರಡೂ. ಆದರೆ 'ಪಟ' ಹಾಕಬೇಡಿ, ಪಟ್ಟಿ, ಪಟ್ಟಣ, ಪಟೇಲರನ್ನೆಲ್ಲ ತಡೆದು ನಿಲ್ಲಿಸುತ್ತದೆ. ವ್ಯಾಕರಣ ಕಲಿಸಿದ ನೀವು ಇಂಥ ಪಟ್ಟಿಯನ್ನು ನನಗಿಂತ ಚೆನ್ನಾಗಿ ಮಾಡಬಲ್ಲಿರಿ.

ಅಬಾರ್ಟ್ ನೋಅಟ್ಯಾಚ್ ಆಯ್ಕೆಗೆ ಬೆಲೆಯಾಗಿ ಆಸ್ಕ್-ಯೆಸ್ ಎಂದು ಕೊಡಿ. ಮಟ್‌ನ ಹಲವು ಆಯ್ಕೆಗಳಿಗೆ ನಾಲ್ಕು ಉತ್ತರ ಉಂಟು: ಹೌದು, ಅಲ್ಲ, ಕೇಳು ಆದರೆ ಹೌದು ಎಂದುಕೋ, ಕೇಳು ಆದರೆ ಅಲ್ಲ ಎಂದುಕೋ. ಕೊನೆಯೆರಡರಲ್ಲಿ ಎಂಟರ್ ಒತ್ತಿದರೆ ಯಾವುದಾಗುತ್ತದೆ ಎಂಬುದಷ್ಟೇ ವ್ಯತ್ಯಾಸ. ಪತ್ರ ಅಳಿಸುವಾಗ ಡಿಲೀಟ್ ಎಂಬುದು ಮೊದಲಿನಿಂದಲೂ ಆಸ್ಕ್-ಯೆಸ್. ಅದನ್ನು ನೀವು ಆಸ್ಕ್-ನೋ ಮಾಡಿಕೊಳ್ಳಿ, ಗಡಿಬಿಡಿಯಲ್ಲಿ ಎಂಟರ್ ಬಿದ್ದರೂ ಪತ್ರ ಉಳಿಯುತ್ತದೆ.

ಮಟ್‌ನಲ್ಲೇ ಉಳಿಯಿರಿ ಎಂದದ್ದು ಈಗ ಹೇಳುವುದಕ್ಕಾಗಿ. ರಿವರ್ಸ್ ಏಲಿಯಸ್ ಎಂಬುದನ್ನು ಯೆಸ್ ಮಾಡಿದರೆ ಪಟ್ಟಿಯಲ್ಲಿ ಕಾಣುವುದು ಅವರು ಇಟ್ಟುಕೊಂಡ ಹೆಸರಲ್ಲ, ನಿಮ್ಮ ವಿಳಾಸಪುಸ್ತಕದಲ್ಲಿ ನೀವು ಬರೆದ ಹೆಸರು. ಅಂಕಿ ಸಂಖ್ಯೆ ಸೇರಿದ ಯಾವುದೋ ಇಂಗ್ಲಿಷ್ ಐಡಿಯಿಂದ ಬಂದ ಕಾಗದ 'ಉಡುಪಿಯ ಅತ್ತೆ' ಎಂದು ಕಾಣುತ್ತದೆ, ದುಬೈಯಿಂದ ಬಂದದ್ದು 'ಮಗ' ಎಂದು. ಉತ್ತರ ಬರೆಯುವಾಗ ಹಳೆಯ ಪತ್ರದ ಮೇಲೆ ಬರುವ ಒಕ್ಕಣೆ ಅಟ್ರಿಬ್ಯೂಷನ್ ಎಂಬ ಆಯ್ಕೆಯದು, ಅದನ್ನೂ ಕನ್ನಡ ಮಾಡಬಹುದು. ಶೇಕಡಾ ಚಿಹ್ನೆಯ ಜೊತೆ ಡಿ ಇಟ್ಟರೆ ದಿನಾಂಕ, ಎನ್ ಇಟ್ಟರೆ ಹೆಸರು, ಮುಂದೆ 'ಅವರು ಬರೆದದ್ದು' ಎಂದು ಸೇರಿಸಿ. ರಿಪ್ಲೈ-ಹುಕ್ ಬಳಸಿದರೆ ಯಾರ ಕಾಗದಕ್ಕೆ ಉತ್ತರವೋ ಅದಕ್ಕೆ ತಕ್ಕಂತೆ ಬೇರೆ ಒಕ್ಕಣೆ. ಹಿರಿಯರಿಗೆ 'ಅವರು' ಇರಲಿ, ಮೊಮ್ಮಗಳಿಗೆ 'ನೀನು ಬರೆದದ್ದು' ಎಂದೇ ಇರಲಿ. ಸೆಂಡ್-ಹುಕ್ ಇದೇ ರೀತಿ ಸಹಿಯನ್ನು ಬದಲಿಸುತ್ತದೆ, ಪಿಂಚಣಿ ಕಚೇರಿಗೆ ಒಂದು, ಹಳೆಯ ಶಿಷ್ಯರಿಗೆ ಇನ್ನೊಂದು. ಒಂದು ಎಚ್ಚರಿಕೆ: ಹುಕ್ ಬದಲಿಸಿದ್ದು ಹಾಗೇ ಉಳಿದುಬಿಡುತ್ತದೆ. ಆದ್ದರಿಂದ ಎಲ್ಲರಿಗೂ ಅನ್ವಯವಾಗುವ ಸಾಮಾನ್ಯ ಹುಕ್ಕನ್ನು ಮೇಲೆ ಬರೆದು, ವಿಶೇಷದವನ್ನು ಕೆಳಗೆ ಬರೆಯಿರಿ. ಕ್ರಮ ತಲೆಕೆಳಗಾದರೆ ವಿಶೇಷದವು ಕೆಲಸ ಮಾಡುವುದಿಲ್ಲ.

ಉಳಿದವು ಬೇಗ ಹೇಳುತ್ತೇನೆ. ಪಾಸ್‌ವರ್ಡನ್ನು ಈ ಫೈಲಿನಲ್ಲಿ ಬರೆಯಬೇಡಿ, ಜಿಪಿಜಿಯಿಂದ ಬೀಗ ಹಾಕಿದ ಬೇರೆ ಫೈಲಿನಲ್ಲಿಟ್ಟು ಸೋರ್ಸ್ ಆದೇಶದಿಂದ ಓದಿಸಿ. ಜಿಮೇಲ್ 2022ರ ಮೇ ಕೊನೆಯಿಂದ ಇಂಥ ತಂತ್ರಾಂಶಗಳಿಗೆ ಮಾಮೂಲಿ ಪಾಸ್‌ವರ್ಡ್ ಒಪ್ಪುವುದಿಲ್ಲ. ಎರಡು ಹಂತದ ಪರಿಶೀಲನೆ ಹಾಕಿಕೊಂಡು 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ಪಡೆಯಿರಿ. ಬಣ್ಣದ ಎಚ್‌ಟಿಎಂಎಲ್ ಪತ್ರಗಳಿಗೆ ಆಟೋ ವ್ಯೂ ಆದೇಶ ಕೊಟ್ಟು, ಮೈಲ್‌ಕ್ಯಾಪ್‌ನಲ್ಲಿ ಡಬ್ಲ್ಯು3ಎಂ ಎಂಬ ಅಕ್ಷರದ ಬ್ರೌಸರಿನ ಹೆಸರು ಬರೆಯಿರಿ. ಹೀಗೆ ಓದುವಾಗ ಹೊರಗಿನ ಚಿತ್ರ ತೆರೆಯುವುದಿಲ್ಲವಾದ್ದರಿಂದ ನೀವು ಯಾವಾಗ ಓದಿದಿರಿ ಎಂದು ಚಿತ್ರದ ಮೂಲಕ ಗುಟ್ಟಾಗಿ ಲೆಕ್ಕವಿಡುವವರಿಗೆ ಸುದ್ದಿ ಹೋಗುವುದಿಲ್ಲ.

ಮಳೆಗಾಲಕ್ಕೆ ಮೊದಲು ಒಂದು ಕೆಲಸ ಮಾಡಲೇಬೇಕು. ಜೂನ್ ಬಂತೆಂದರೆ ಇಲ್ಲಿ ತೊಕ್ಕೊಟ್ಟಿನಲ್ಲಿ ಕರೆಂಟೂ ನೆಟ್ಟೂ ಹೋಗಿ ಬರುತ್ತಾ ಇರುತ್ತವೆ, ತಲಪಾಡಿ ದಾಟಿದ ಮಾತ್ರಕ್ಕೆ ನಿಮ್ಮಲ್ಲಿ ಬೇರೆಯಾಗಿರಲಿಕ್ಕಿಲ್ಲ. ಎಂಬಿಸಿಂಕ್ ಎಂಬ ಸಣ್ಣ ಪ್ರೋಗ್ರಾಮಿನಿಂದ ಎಲ್ಲ ಪತ್ರಗಳನ್ನೂ ಮೈಲ್‌ಡಿರ್ ರೂಪದಲ್ಲಿ ನಿಮ್ಮ ಯಂತ್ರಕ್ಕೇ ಇಳಿಸಿಕೊಳ್ಳಿ, ಮಟ್‌ನ ಫೋಲ್ಡರ್ ಆಯ್ಕೆಯಲ್ಲಿ ಆ ಜಾಗ ತೋರಿಸಿ. ಮೈಲ್‌ಡಿರ್‌ನಲ್ಲಿ ಒಂದು ಪತ್ರಕ್ಕೆ ಒಂದು ಫೈಲು. ನೆಟ್ ಇಲ್ಲದಾಗ ಓದಬಹುದು, ಹುಡುಕಬಹುದು, ಉತ್ತರ ಬರೆದು ಪೋಸ್ಟ್‌ಪೋನ್ ಮಾಡಿಡಬಹುದು. ಪೆನ್‌ಡ್ರೈವಿಗೆ ನಕಲು ಮಾಡಿ ಕಪಾಟಿನಲ್ಲೂ ಇಡಬಹುದು.

ಫೈಲು ಒಂದು ಹದಕ್ಕೆ ಬಂದ ಮೇಲೆ ನನಗೊಂದು ಪ್ರತಿ ಕಳುಹಿಸಿ, ವಿಶೇಷವಾಗಿ ಲಗತ್ತಿನ ಪದಗಳ ಪಟ್ಟಿ. ನಿಮ್ಮ ಕಡೆಯ ತುಳುವಿನಲ್ಲಿ, ಬ್ಯಾರಿಯಲ್ಲಿ ಬರೆಯುವವರಿಗೆ ಯಾವ ಬುಡ ಕೊಡಬೇಕೆಂದು ಹೇಳಿದರೆ ನನ್ನ ಫೈಲಿಗೂ ಸೇರಿಸಿಕೊಳ್ಳುತ್ತೇನೆ. ಅಮ್ಮನವರಿಗೆ ನನ್ನ ನಮಸ್ಕಾರ ತಿಳಿಸಿ.

ಇತಿ ನಿಮ್ಮ
ತೊಕ್ಕೊಟ್ಟಿನ ಗೆಳೆಯ