ಹಿತ್ತಲ ವಿದ್ಯೆ

ಈ ಶತಮಾನದ ಮೊದಲ ದಶಕದ ನಡುಭಾಗದಲ್ಲಿ, ಬೆಂಗಳೂರಿನ ಕಚೇರಿಗಳಲ್ಲೆಲ್ಲ ವಿಂಡೋಸ್ ಎಕ್ಸ್‌ಪಿ ಎಂಬ ಕಾರ್ಯಾಚರಣ ವ್ಯವಸ್ಥೆಯ ಹಸುರು ದಿಬ್ಬವೂ ನೀಲಿ ಆಕಾಶವೂ ಮೇಜುಮೇಜಿನ ಮೇಲೆ ವಿರಾಜಿಸುತ್ತಿದ್ದ ಕಾಲದಲ್ಲಿ, ಕರ್ತೃವಿನ ಹೆಸರಿಲ್ಲದ ಒಂದು ಮಿಂಚಂಚೆ ದೇಶಸಂಚಾರ ಹೊರಟಿತ್ತು. ಅದರಲ್ಲಿ ಮೂರು ಮಾಯೆಗಳ ವರ್ಣನೆಯಿತ್ತು. ಗಣಕದ ಯಾವ ಮೂಲೆಯಲ್ಲಿಯೂ ‘ಕಾನ್’ ಎಂಬ ಹೆಸರಿನ ಫೋಲ್ಡರನ್ನು ನಿರ್ಮಿಸಲು ಸಾಧ್ಯವಿಲ್ಲವೆಂಬುದು ಮೊದಲನೆಯದು. ಇದನ್ನು ಕಂಡುಹಿಡಿದವನು ಒಬ್ಬ ಭಾರತೀಯನೆಂದೂ, ಕಾರಣವನ್ನು ಹೇಳಲಾರದೆ ಮೈಕ್ರೋಸಾಫ್ಟಿನ ಸಮಸ್ತ ಪಂಡಿತರೂ ಬೆರಗಾಗಿ ಕುಳಿತಿರುವರೆಂದೂ ಪತ್ರವು ಸಾರುತ್ತಿತ್ತು. ನೋಟ್‌ಪ್ಯಾಡಿನಲ್ಲಿ ‘ಬುಷ್ ಹಿಡ್ ದ ಫ್ಯಾಕ್ಟ್ಸ್’ ಎಂದು ಇಂಗ್ಲಿಷಿನಲ್ಲಿ ಬರೆದು, ಉಳಿಸಿ, ಮುಚ್ಚಿ, ಮತ್ತೆ ತೆರೆದರೆ ಆ ವಾಕ್ಯ ಅದೃಶ್ಯವಾಗಿ ಬರಿಯ ಚೌಕಗಳು ಉಳಿಯುವುವೆಂಬುದು ಎರಡನೆಯದು. ವರ್ಡ್ ತಂತ್ರಾಂಶದಲ್ಲಿ ಸಮಚಿಹ್ನೆಯನ್ನಿಟ್ಟು, ‘ರ‍್ಯಾಂಡ್’ ಎಂದು ಬರೆದು, ಕಂಸದೊಳಗೆ 200 ಮತ್ತು 99 ಎಂಬ ಅಂಕಿಗಳನ್ನು ತುಂಬಿ ಎಂಟರ್ ಒತ್ತಿದರೆ ಪುಟಗಟ್ಟಲೆ ಇಂಗ್ಲಿಷು ತಾನಾಗಿ ಉದ್ಭವಿಸುವುದೆಂಬುದು ಮೂರನೆಯದು.

ಇಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಉದ್ಯೋಗದಲ್ಲಿದ್ದ ನನ್ನ ಅಕ್ಕನ ಮಗ ಈ ಪತ್ರವನ್ನು ಕಾಗದಕ್ಕಿಳಿಸಿ, ಒಂದು ಭಾನುವಾರ ದಾಸರಹಳ್ಳಿಯ ನಮ್ಮ ಮನೆಗೆ ತಂದು, ಬಹು ಶ್ರದ್ಧೆಯಿಂದ ಓದಿ ಹೇಳಿದನು. ಅವನು ದುಡಿಯುತ್ತಿದ್ದ ಸ್ಥಳದ ಮಹಿಮೆಯೇ ಹಾಗೆ. ಕಿಯೋನಿಕ್ಸ್ ಸಂಸ್ಥೆಯ ಮೊದಲ ಅಧ್ಯಕ್ಷರಾದ ಆರ್. ಕೆ. ಬಾಳಿಗರು ಎಪ್ಪತ್ತರ ದಶಕದ ಕೊನೆಯಲ್ಲಿ ಹೊಸೂರು ರಸ್ತೆಯ ಬದಿಗೆ, ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ನೆಲದಲ್ಲಿ, 332 ಎಕರೆಗಳ ವಿದ್ಯುನ್ಮಾನ ನಗರಿಯೊಂದನ್ನು ಕಲ್ಪಿಸಿದಾಗ ನಕ್ಕವರೇ ಹೆಚ್ಚಿರಬಹುದು; ಮೂರು ದಶಕ ಕಳೆಯುವಷ್ಟರಲ್ಲಿ ಅಲ್ಲಿಂದ ಬಂದ ಮಾತಿಗೆ ನಮ್ಮಂಥ ಮನೆಗಳಲ್ಲಿ ವೇದವಾಕ್ಯದ ಗೌರವ ಪ್ರಾಪ್ತವಾಗಿತ್ತು.

ನಾನಾದರೋ ನಗರದ ಇನ್ನೊಂದು ಅಂಚಿನವನು. 1953ರಲ್ಲಿ ಎಚ್.ಎಂ.ಟಿ.ಯೂ ಅದರ ಮರುವರ್ಷ ಬಿ.ಇ.ಎಲ್. ಸಂಸ್ಥೆಯೂ ಜಾಲಹಳ್ಳಿಯ ಕಡೆ ನೆಲೆಗೊಂಡ ಬಳಿಕ, ತುಮಕೂರು ರಸ್ತೆಯ ಆಸುಪಾಸಿನಲ್ಲಿ ಬೆಳೆದುಬಂದ ಪೀಣ್ಯದ ಅಸಂಖ್ಯ ಸಣ್ಣ ಕಾರ್ಖಾನೆಗಳಲ್ಲಿ ಒಂದರ ಲೆಕ್ಕಪತ್ರವನ್ನೂ ಉಗ್ರಾಣವನ್ನೂ ನೋಡಿಕೊಂಡು ನನ್ನ ಆಯುಷ್ಯದ ಬಹುಭಾಗ ಸಂದಿತು. ಕಬ್ಬಿಣದ ಚೂರೂ ಕೂಲೆಂಟಿನ ವಾಸನೆಯೂ ನಮ್ಮ ಪರಿಸರ. ನಮ್ಮಲ್ಲಿಯೂ ಗಣಕವಿದೆಯೆಂದು ಹೇಳಿದರೆ ಅಕ್ಕನ ಮಗ ಅನುಕಂಪದಿಂದ ನಗುತ್ತಿದ್ದನು.

ಸೋಮವಾರ ಆ ಕಾಗದವನ್ನು ಶಾಪ್ ಫ್ಲೋರಿಗೆ ಒಯ್ದು, ಸಿ.ಎನ್.ಸಿ. ಲೇತಿನ ಮುಂದೆ ನಿಂತಿದ್ದ, ಐ.ಟಿ.ಐ. ಮುಗಿಸಿ ತುರುವೇಕೆರೆಯ ಕಡೆಯಿಂದ ಬಂದಿದ್ದ ಆಪರೇಟರ್ ಹುಡುಗನಿಗೆ ತೋರಿಸಿದೆನು. ಅವನು ಕೈಯ ಎಣ್ಣೆಯನ್ನು ವೇಸ್ಟ್ ಬಟ್ಟೆಗೆ ಒರೆಸಿಕೊಂಡು, ಮೊದಲನೆಯ ಮಾಯೆಯನ್ನು ಓದಿ, “ಕಾನ್ ಒಂದೇ ಅಲ್ಲ ಸಾರ್, ಕಾಮ್ ಒನ್ ಅಂತ ಹೆಸರಿಟ್ಟು ನೋಡಿ, ಅದೂ ಆಗಲ್ಲ. ಆಗ್ಬಿಟ್ರೆ ನನ್ನ ಮಿಷಿನ್ನಿಗೆ ಪ್ರೋಗ್ರಾಮ್ ಹೋಗೋದು ಹೆಂಗೆ?” ಎಂದನು.

ಆ ಒಂದು ಪ್ರಶ್ನೆಯಲ್ಲಿ ಮಾಯೆಯ ತೆರೆ ಸರಿದುಹೋಯಿತು. ಲೇತಿಗೆ ಬೇಕಾದ ಆಜ್ಞಾವಳಿಯನ್ನು, ಎಂದರೆ ಉಪಕರಣ ಎಲ್ಲಿಂದ ಎಲ್ಲಿಗೆ ಎಷ್ಟು ವೇಗದಲ್ಲಿ ಚಲಿಸಬೇಕು, ಸ್ಪಿಂಡಲ್ ಎಷ್ಟು ಸುತ್ತು ತಿರುಗಬೇಕು ಎಂಬ ಕೆಲವೇ ಕಿಲೋಬೈಟುಗಳ ಬರಹವನ್ನು, ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಗಣಕದಿಂದ ಅವನು ಒಂದು ಸೀರಿಯಲ್ ತಂತಿಯ ಮೂಲಕ ಕಳುಹಿಸುತ್ತಿದ್ದನು. ಈ ರವಾನೆಗೆಂದು ಬೇರೆ ತಂತ್ರಾಂಶವೇನೂ ಬೇಕಿರಲಿಲ್ಲ. ಕಪ್ಪು ಪರದೆಯನ್ನು ತೆರೆದು, ‘ಮೋಡ್’ ಎಂಬ ಆಜ್ಞೆಯಿಂದ ತಂತಿಯ ವೇಗವನ್ನು 9600 ಎಂದೂ, ಅಕ್ಷರವೊಂದಕ್ಕೆ ಏಳು ಬಿಟ್ಟುಗಳೆಂದೂ, ಸಮ ಪ್ಯಾರಿಟಿಯೆಂದೂ ಗೊತ್ತುಮಾಡಿ, ಅನಂತರ ‘ಕಾಪಿ’ ಎಂದು ಬರೆದು ಕಡತದ ಹೆಸರನ್ನೂ ‘ಕಾಮ್ ಒನ್’ ಎಂಬ ಹೆಸರನ್ನೂ ಕೊಟ್ಟರೆ ಮುಗಿಯಿತು. ಕಡತವು ಡಿಸ್ಕಿಗೆ ಹೋಗುವ ಬದಲು ತಂತಿಯ ದಾರಿ ಹಿಡಿದು ಯಂತ್ರದ ಸ್ಮೃತಿಯನ್ನು ಸೇರುತ್ತಿತ್ತು.

ಇದರ ಪೂರ್ವೋತ್ತರ ಬಹಳ ಹಳೆಯದು. ಗ್ಯಾರಿ ಕಿಲ್ಡಾಲ್ ಎಂಬಾತ ಎಪ್ಪತ್ತರ ದಶಕದಲ್ಲಿ ರಚಿಸಿದ ಸಿಪಿಎಂ ಎಂಬ ವ್ಯವಸ್ಥೆಯಲ್ಲಿ ಗಣಕಕ್ಕೆ ಜೋಡಿಸಿದ ಉಪಕರಣಗಳಿಗೂ ಹೆಸರುಗಳಿದ್ದುವು. ಸಿಯಾಟಲ್ಲಿನ ಟಿಮ್ ಪ್ಯಾಟರ್ಸನ್ ಅದರ ಮಾದರಿಯಲ್ಲಿ ಬರೆದ ವ್ಯವಸ್ಥೆಯನ್ನು ಮೈಕ್ರೋಸಾಫ್ಟ್ 1981ರಲ್ಲಿ ಕೊಂಡು ಡಾಸ್ ಎಂಬ ಹೆಸರಿನಿಂದ ಪ್ರಚುರಪಡಿಸಿತು. ಅಲ್ಲಿ ‘ಕಾನ್’ ಎಂದರೆ ಕೀಲಿಮಣೆ ಮತ್ತು ಪರದೆ, ‘ಪಿಆರ್‌ಎನ್’ ಎಂದರೆ ಮುದ್ರಕ, ‘ಕಾಮ್ ಒನ್’ ಎಂದರೆ ಸೀರಿಯಲ್ ದ್ವಾರ, ‘ನಲ್’ ಎಂದರೆ ಸಾಕ್ಷಾತ್ ಶೂನ್ಯ. ಅಲ್ಲಿಗೆ ಕಳುಹಿಸಿದ್ದೆಲ್ಲ ಲಯವಾಗುತ್ತದೆ. ಈ ಸೌಕರ್ಯದ ಅರಿವಾದ ಮೇಲೆ ಕೇಂದ್ರ ಕಚೇರಿಯ ಸುತ್ತೋಲೆಗಳನ್ನು ನೆನೆದು ನಾನು ನಿಟ್ಟುಸಿರಿಟ್ಟದ್ದುಂಟು. ಮೊದಲ ಡಾಸಿನಲ್ಲಿ ಫೋಲ್ಡರುಗಳೇ ಇರಲಿಲ್ಲ. 1983ರ ಎರಡನೆಯ ಆವೃತ್ತಿಯಲ್ಲಿ ಅವು ಬಂದಾಗ, ಹಳೆಯ ತಂತ್ರಾಂಶಗಳು ದಾರಿತಪ್ಪದಿರಲೆಂದು, ಉಪಕರಣಗಳ ಹೆಸರುಗಳು ಪ್ರತಿಯೊಂದು ಫೋಲ್ಡರಿನಲ್ಲಿಯೂ ಮೊದಲಿನಂತೆ ಸಲ್ಲುವ ಹಾಗೆ ಏರ್ಪಾಟಾಯಿತು; ಡಾಸಿನ ವಂಶಕ್ಕೆ ಸೇರದ ಎಕ್ಸ್‌ಪಿ ಕೂಡ ಆ ಸಂಪ್ರದಾಯವನ್ನು ಪಾಲಿಸಿತು. ಮೈಕ್ರೋಸಾಫ್ಟಿನವರು ಬೆರಗಾಗಿ ಕುಳಿತಿರಲಿಲ್ಲ. ಕೈಪಿಡಿಯಲ್ಲಿ ಬರೆದೇ ಇಟ್ಟಿದ್ದರು. ಹೊಸೂರು ರಸ್ತೆಯಲ್ಲಿ ಪವಾಡವಾಗಿದ್ದುದು ತುಮಕೂರು ರಸ್ತೆಯಲ್ಲಿ ದಿನದ ಊಳಿಗವಾಗಿತ್ತು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಿದವರಲ್ಲ.

ಎರಡನೆಯ ಮಾಯೆಯನ್ನು ಬಿಡಿಸಲು ಕನ್ನಡಿಗನಿಗೆ ಪರರ ನೆರವು ಬೇಕಿರಲಿಲ್ಲ. ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹಗಳಂಥ ನಮ್ಮ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿಯೇ ಕನ್ನಡದ ತುಣುಕುಗಳನ್ನು ಕೂರಿಸಿದ್ದುವಷ್ಟೆ. ಕಾರ್ಖಾನೆಯ ರಾಜ್ಯೋತ್ಸವದ ಆಹ್ವಾನವನ್ನು ನಾನು ನುಡಿಯಲ್ಲಿ ಬರೆದು ಅಕ್ಕನ ಮಗನಿಗೆ ಕಳುಹಿಸಿದಾಗ, ಆ ಲಿಪಿಯಿಲ್ಲದ ಅವನ ಗಣಕದಲ್ಲಿ ಅದು ಕೊಂಬುಗೊರಳುಗಳಿಂದ ಕೂಡಿದ ರೋಮನ್ ಅಕ್ಷರಗಳಾಗಿ ತೋರಲು, ಅವನು “ಮಾವ, ಇದು ಯಾವ ಯುರೋಪಿನ ಭಾಷೆ?” ಎಂದು ದೂರವಾಣಿಯಲ್ಲಿ ಕೇಳಿದ್ದನು. ಕಡತದೊಳಗೆ ಇರುವುವು ಅಂಕಿಗಳು ಮಾತ್ರ, ಅವನ್ನು ಅಕ್ಷರವೆಂದು ಓದುವವನ ಊಹೆ ತಪ್ಪಿದರೆ ಅರ್ಥವೂ ತಪ್ಪುವುದೆಂಬ ಸಂಗತಿ ನಮಗೆ ಅಂದೇ ಮನದಟ್ಟಾಗಿತ್ತು. ಆ ಹಳೆಯ ನೋಟ್‌ಪ್ಯಾಡೂ ಹೀಗೆಯೇ ಊಹಿಸುತ್ತಿತ್ತು: ಬುಷ್ ಮಹಾಶಯರ ವಾಕ್ಯದಲ್ಲಿ ಖಾಲಿ ಸ್ಥಳಗಳೂ ಸೇರಿ 18 ಬೈಟುಗಳಿದ್ದುವು, ಅವನ್ನು ಎರಡೆರಡಾಗಿ ಕೂಡಿಸಿ, ಇವು ಯೂನಿಕೋಡಿನ ಒಂಬತ್ತು ಅಕ್ಷರಗಳೆಂದು ಬಗೆದರೆ ಚೀನಾದೇಶದ ಲಿಪಿಯ ಪ್ರದೇಶಕ್ಕೆ ಹೋಗಿ ನಿಲ್ಲುತ್ತಿದ್ದುವು, ಚೀನೀ ಲಿಪಿಯಿಲ್ಲದ ಗಣಕ ಅವುಗಳ ಬದಲಿಗೆ ಚೌಕಗಳನ್ನು ತೋರಿಸುತ್ತಿತ್ತು. ಅಮೆರಿಕದ ಅಧ್ಯಕ್ಷ ಬುಷ್ ಸತ್ಯವನ್ನು ಮುಚ್ಚಿಟ್ಟರೋ ಇಲ್ಲವೋ, ಈ ಚೌಕಗಳಲ್ಲಿ ಅವರ ಪಾತ್ರವಿರಲಿಲ್ಲ.

ಮೂರನೆಯದು ಇನ್ನೂ ಸರಳ. ಪುಟದ ವಿನ್ಯಾಸ ಹೇಗೆ ಕಾಣುವುದೆಂದು ಪರೀಕ್ಷಿಸುವವರಿಗೆ ಹುಸಿಬರಹ ಬೇಕಾಗುತ್ತದೆ. ಆದುದರಿಂದ ವರ್ಡನ್ನು ಕಟ್ಟಿದವರು ಇಂಗ್ಲಿಷಿನ 26 ಅಕ್ಷರಗಳನ್ನೂ ಒಳಗೊಂಡ, ನರಿಯೊಂದು ಸೋಮಾರಿ ನಾಯಿಯನ್ನು ಹಾರುವ ಪ್ರಸಿದ್ಧ ವಾಕ್ಯವನ್ನು ಅಲ್ಲಿ ಅಡಗಿಸಿಟ್ಟಿದ್ದರು. ಪತ್ರದಲ್ಲಿ ಹೇಳಿದ ಅಂಕಿಗಳ ಪ್ರಕಾರ 200 ಕಂಡಿಕೆಗಳು, ಒಂದೊಂದರಲ್ಲಿಯೂ 99 ವಾಕ್ಯಗಳು. ಪಾಪ, ಆ ನರಿ 19,800 ಸಲ ಹಾರಬೇಕಾಗಿತ್ತು.

ವಸ್ತುತಃ ಇಂಥ ಗುಪ್ತ ಉಪಾಯಗಳಲ್ಲಿ ಹಲವು, ಕಟ್ಟಿದವರು ತಮ್ಮ ಅನುಕೂಲಕ್ಕೆಂದು ಮಾಡಿಕೊಂಡು ಬಿಟ್ಟುಹೋದವು. ಕಂಟ್ರೋಲ್, ಆಲ್ಟ್, ಡಿಲೀಟ್ ಎಂಬ ತ್ರಿಮೂರ್ತಿಗಳನ್ನು ಒಟ್ಟಿಗೆ ಒತ್ತುವ ಪದ್ಧತಿಯನ್ನು ಐ.ಬಿ.ಎಮ್ಮಿನ ಡೇವಿಡ್ ಬ್ರಾಡ್ಲಿ ಎಂಬ ಎಂಜಿನಿಯರರು ರೂಪಿಸಿದ್ದು ಸಹೋದ್ಯೋಗಿಗಳು ಗಣಕವನ್ನು ಬೇಗ ಮರಳಿ ಚಾಲೂ ಮಾಡಿಕೊಳ್ಳಲೆಂದು. ಅಚಾತುರ್ಯದಿಂದ ಒತ್ತಿಹೋಗದಿರಲೆಂದು ಕೀಲಿಗಳನ್ನು ದೂರದೂರ ಆರಿಸಿದರು. ವಿನೋದಕ್ಕೆ ಇಟ್ಟವೂ ಉಂಟು. ನಮ್ಮ ಲೆಕ್ಕದ ವಿಭಾಗದ ಸಹೋದ್ಯೋಗಿಯೊಬ್ಬರು ಊಟದ ವಿರಾಮದ ಮೈನ್‌ಸ್ವೀಪರ್ ಆಟದಲ್ಲಿ ಸೋತದ್ದನ್ನು ಯಾರೂ ಕಂಡಿರಲಿಲ್ಲ. ಅವರು ಎಕ್ಸ್, ವೈ, ಝಡ್, ಝಡ್, ವೈ ಎಂದು ಮೆಲ್ಲನೆ ಬೆರಳಾಡಿಸಿ ಶಿಫ್ಟ್ ಸಹಿತ ಎಂಟರ್ ಒತ್ತುತ್ತಿದ್ದರು. ಆ ಬಳಿಕ ಪರದೆಯ ಎಡಮೇಲ್ತುದಿಯಲ್ಲಿ ಸಾಸಿವೆಗಿಂತ ಕಿರಿದಾದ ಚುಕ್ಕಿಯೊಂದು, ಬೆಳ್ಳಗಿದ್ದರೆ ಅಭಯವೆಂದೂ ಕಪ್ಪಾದರೆ ಸ್ಫೋಟಕವೆಂದೂ ಸೂಚನೆ ಕೊಡುತ್ತಿತ್ತು. ಆ ಐದಕ್ಷರದ ಮಂತ್ರ 1976ರಲ್ಲಿ ವಿಲ್ ಕ್ರೌಥರ್ ಎಂಬಾತ ಬರೆದ ಗುಹಾಶೋಧದ ಆಟದಿಂದ ಬಂದುದು.

ಆದರೆ ನನ್ನ ಗೌರವ ಸಲ್ಲುವುದು ದುಡಿಮೆಗೆ ಒದಗಿದ ಉಪಾಯಗಳಿಗೆ. ಕಬ್ಬಿಣದ ಪುಡಿ ತುಂಬಿ ಮೌಸ್ ಮೊಂಡು ಹಿಡಿದಾಗ, ಎಡಗಡೆಯ ಆಲ್ಟ್ ಮತ್ತು ಶಿಫ್ಟ್‌ಗಳೊಡನೆ ನಮ್ ಲಾಕ್ ಒತ್ತಿ, ಬಲಬದಿಯ ಅಂಕಿಗಳಿಂದಲೇ ಬಾಣವನ್ನು ನಡೆಸಿ ಡಿಸ್ಪ್ಯಾಚ್ ಚಲನ್ ಮುಗಿಸುತ್ತಿದ್ದೆವು. ಗಿರಾಕಿಯ ನಕ್ಷೆಗಳಿದ್ದ ಪೆನ್‌ಡ್ರೈವ್ ಜೆರಾಕ್ಸ್ ಅಂಗಡಿಗೆ ಹೋಗಿಬಂದ ಮೇಲೆ ಬರಿದಾಗಿ ಕಂಡು, ಮಾಲೀಕರ ಮುಖ ವಿವರ್ಣವಾದ ದಿನ, ಅದೇ ತುರುವೇಕೆರೆಯ ಹುಡುಗ ಕಪ್ಪು ಪರದೆಯಲ್ಲಿ ‘ಅಟ್ರಿಬ್’ ಎಂದು ಬರೆದು, ಎಚ್, ಎಸ್, ಆರ್ ಎಂಬ ಮೂರಕ್ಷರಗಳ ಮುಂದೆ ಒಂದೊಂದು ಋಣಚಿಹ್ನೆಯನ್ನಿಟ್ಟನು. ವೈರಸ್ಸು ಕಡತಗಳನ್ನು ಅಳಿಸಿರಲಿಲ್ಲ; ಮರೆಯಾಗಿರತಕ್ಕದ್ದೆಂಬ ಮುದ್ರೆಯನ್ನೊತ್ತಿ ಅಡಗಿಸಿತ್ತು. ಮುದ್ರೆಯನ್ನು ತೆಗೆದೊಡನೆ ನಕ್ಷೆಗಳೆಲ್ಲ ಪ್ರತ್ಯಕ್ಷವಾದುವು. ಪೆನ್‌ಡ್ರೈವನ್ನು ಸಿಕ್ಕಿಸುವಾಗ ಶಿಫ್ಟ್ ಕೀಲಿಯನ್ನು ಒತ್ತಿಹಿಡಿದರೆ ಅದು ತಾನಾಗಿ ತೆರೆದುಕೊಳ್ಳದೆಂಬ ಬುದ್ಧಿವಾದವನ್ನೂ ಅವನೇ ಹೇಳಿದನು.

ಕನ್ನಡದ್ದೇ ಒಂದು ಗುಟ್ಟನ್ನು ಹೇಳದೆ ಬಿಡಲಾರೆ. ಕೀಲಿಮಣೆಯ ಬಲತುದಿಯ ಸ್ಕ್ರೋಲ್ ಲಾಕ್ ಎಂಬ ಕೀಲಿಗೆ ಲೋಕದಲ್ಲಿ ಬಹುಮಟ್ಟಿಗೆ ಕೆಲಸವಿಲ್ಲ. ಕನ್ನಡ ಗಣಕ ಪರಿಷತ್ತಿನವರು ರೂಪಿಸಿದ ನುಡಿಯಲ್ಲಿ ಆ ನಿರುದ್ಯೋಗಿಗೆ ಮಹತ್ತರವಾದ ಅಧಿಕಾರ ದೊರೆಯಿತು: ಒಮ್ಮೆ ಒತ್ತಿದರೆ ಕನ್ನಡ, ಮತ್ತೊಮ್ಮೆ ಒತ್ತಿದರೆ ಇಂಗ್ಲಿಷ್. ಅಲ್ಲಿ ಕೈಗೆ ಸಿಗುತ್ತಿದ್ದುದು ಕಿನ್ನಿಕಂಬಳದ ಕೆ. ಪಿ. ರಾಯರ ವಿನ್ಯಾಸ, ‘ಕೆ’ ಒತ್ತಿದರೆ ಕ, ಶಿಫ್ಟ್ ಸಹಿತವಾದರೆ ಖ, ಒತ್ತಕ್ಷರದ ಕೊಂಡಿಗೆ ‘ಎಫ್’. ನಮ್ಮ ವರ್ಣಮಾಲೆಯ ತರ್ಕ ಇಂಗ್ಲಿಷ್ ಕೀಲಿಮಣೆಯ ಮೇಲೆ ಇಷ್ಟು ಸಹಜವಾಗಿ ಕುಳಿತುಕೊಳ್ಳಬಲ್ಲುದೆಂದು ತೋರಿಸಿಕೊಟ್ಟ ಆ ಮಹನೀಯರು, ತಮ್ಮ ತಂತ್ರಾಂಶಕ್ಕೆ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿಟ್ಟು, ತಮ್ಮ ವಿನ್ಯಾಸವನ್ನು ಬೀಗವಿಲ್ಲದೆ ಲೋಕಕ್ಕೆ ಬಿಟ್ಟುಕೊಟ್ಟರು. ಲೆಡ್ಜರನ್ನು ಬಿಟ್ಟು ಬೇರೇನನ್ನೂ ಬರೆಯದ ನಾನು ಈ ವಯಸ್ಸಿನಲ್ಲಿ ಪ್ರಬಂಧವನ್ನು ಬರೆಯಲು ತೊಡಗಿದುದಕ್ಕೆ ಹೊಣೆ ಅವರದೆನ್ನಬೇಕು.

2014ರ ಮಾರ್ಚ್ ಮೊದಲ ದಿನ ನಮ್ಮ ಮೆಟ್ರೋ ಪೀಣ್ಯಕ್ಕೆ ಬಂತು. ಏಪ್ರಿಲ್ 8ರಂದು ಮೈಕ್ರೋಸಾಫ್ಟ್ ಎಕ್ಸ್‌ಪಿಗೆ ನೀಡುತ್ತಿದ್ದ ಆಶ್ರಯವನ್ನು ಹಿಂತೆಗೆದುಕೊಂಡಿತು. ಅಕ್ಕನ ಮಗನ ಕಚೇರಿಯಲ್ಲಿ ಹಳೆಯ ಗಣಕಗಳು ರಾಶಿಯಾಗಿ ಗುಜರಿಗೆ ಹೋದುವು. ನಮ್ಮಲ್ಲಿ ಹಾಗಾಗಲಿಲ್ಲ. ಲಕ್ಷಾಂತರ ರೂಪಾಯಿಗಳ ಯಂತ್ರ, ಅದರೊಡನೆ ಬಂದ ಕಾರ್ಡು, ಆ ಕಾರ್ಡನ್ನು ಮಾತ್ರ ಅರಿತ ತಂತ್ರಾಂಶ, ಆ ತಂತ್ರಾಂಶ ಒಪ್ಪುವ ಹಳೆಯ ವ್ಯವಸ್ಥೆ. ಸರಪಳಿಯ ಒಂದು ಕೊಂಡಿಯನ್ನು ಬದಲಿಸಹೊರಟರೆ ಎಲ್ಲವನ್ನೂ ಬದಲಿಸಬೇಕು. ಆದುದರಿಂದ ಆ ಹಳೆಯ ಗಣಕವನ್ನು ಅಂತರ್ಜಾಲದಿಂದ ಬೇರ್ಪಡಿಸಿ, ಬಿಡಿಭಾಗಗಳಿಗೆ ಎಸ್. ಪಿ. ರಸ್ತೆಯ ಅಂಗಡಿಗಳನ್ನು ಆಶ್ರಯಿಸಿ, ಉಳಿದುದನ್ನು ಹುಡುಗರ ನೆನಪಿಗೆ ಒಪ್ಪಿಸಿ ನಡೆಸಿಕೊಂಡು ಬಂದೆವು. ಅಪಾಯವಿರುವುದು ಇಲ್ಲಿಯೇ. ಯಂತ್ರ ಕೆಟ್ಟರೆ ಬಿಡಿಭಾಗ ದೊರೆತೀತು. ಬಲ್ಲವನು ಬೇರೆ ಕಾರ್ಖಾನೆಗೆ ಹೊರಟುಹೋದರೆ ಅವನೊಡನೆ ‘ಕಾಮ್ ಒನ್’ ಕೂಡ ಹೊರಟುಹೋಗುತ್ತದೆ. ಉಳಿದವರು ಕೀಲಿಗಳ ಅನುಕ್ರಮವನ್ನು ಬಾಯಿಪಾಠ ಒಪ್ಪಿಸುತ್ತಾರೆ, ಕಾರಣವನ್ನು ಅರಿಯರು. ಕಾರಣವನ್ನು ಕಳೆದುಕೊಂಡ ಉಪಾಯವೇ ಕಾಲಾಂತರದಲ್ಲಿ ಕರ್ತೃವಿಲ್ಲದ ಪತ್ರಗಳಲ್ಲಿ ಮಾಯೆಯಾಗಿ ಹೊರಡುತ್ತದೆ.

ಆದಕಾರಣ ವಾಚಕರಲ್ಲಿ ನನ್ನ ಬಿನ್ನಹವಿಷ್ಟೆ. ನಿಮ್ಮ ಬೆರಳಿಗೆ ಇಂಥದೊಂದು ಆಜ್ಞೆ ಗೊತ್ತಿದ್ದರೆ, ಅದು ಎಷ್ಟೇ ಕ್ಷುಲ್ಲಕವೆನಿಸಿದರೂ, ಒಂದು ಕಾಗದದ ಮೇಲೆ ಕನ್ನಡದಲ್ಲಿ ಬರೆದು ಗಣಕದ ಬದಿಗೆ ಅಂಟಿಸಿರಿ. ಅದರ ಕೆಳಗೆ, ಅದು ಹಾಗೆ ಏಕೆ ನಡೆಯುವುದೆಂಬುದನ್ನು ಒಂದು ವಾಕ್ಯದಲ್ಲಿ ಸೇರಿಸಿರಿ. ಎರಡನೆಯ ವಾಕ್ಯವನ್ನು ಬರೆಯುವುದಕ್ಕೆ ಪುರುಸೊತ್ತಿಲ್ಲವೆಂದು ಮಾತ್ರ ಹೇಳಬೇಡಿರಿ.