ಗೇರುಬೀಜ, ಗದ್ದೆ ಕ್ರಿಕೆಟ್ಟು ಮತ್ತು ‘ಅರ್ಗಾ’

ಈ ಸಲ ಚೌತಿಗೆ ಊರಿಗೆ ಹೋದಾಗ ಅಟ್ಟ ಹತ್ತಿದ್ದೆ. ಗಣಪತಿಯ ಮೇಲೆ ಫಲಾವಳಿ ಕಟ್ಟುವ ಮರದ ಚೌಕಟ್ಟನ್ನು ನಮ್ಮ ಮನೆಯಲ್ಲಿ ಅಲ್ಲೇ ಇಡುವುದು. ಚೌಕಟ್ಟು ಎಳೆದಾಗ ಅದರ ಹಿಂದಿನಿಂದ ಬಿಸ್ಕತ್ತಿನ ತಗಡಿನ ಡಬ್ಬಿಯೊಂದು ಉರುಳಿ ಬಂತು. ತುಕ್ಕು ಹಿಡಿದ ಮುಚ್ಚಳವನ್ನು ಕತ್ತಿಯ ಹಿಂಬದಿಯಿಂದ ಎಬ್ಬಿಸಿದೆ. ಒಳಗೆ ಏಳೆಂಟು ಗೋಲಿ, ಬೋಳಾದ ಒಂದು ಟೆನಿಸ್ ಬಾಲು, ಅಲ್ಲಾಡಿಸಿದರೆ ಗಲಗಲ ಎನ್ನುವ ನಾಲ್ಕು ಗೇರುಬೀಜ, ರಟ್ಟು ಕಿತ್ತುಹೋದ ಒಂದು ನೋಟುಬುಕ್ಕು!

“ಇದೆಂಥಾ ಗೇಮ್ ಪಪ್ಪಾ?” ಅಂತ ಮಗಳು ಗೇರುಬೀಜ ಹಿಡಿದು ಕೇಳಿದಳು. ಹೇಳೋಣ ಅಂತ ಕೂತವನು ಆ ದಿನ ಫಲಾವಳಿ ಕಟ್ಟುವುದನ್ನೇ ಮರೆತು ಆಯಿಯ ಹತ್ತಿರ ಬೈಸಿಕೊಂಡೆ. ಅವಳಿಗೆ ಹೇಳಿದ್ದನ್ನೂ, ಹೇಳದೆ ಬಿಟ್ಟಿದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಅಮದಳ್ಳಿ. ಕಾರವಾರದಿಂದ ಅಂಕೋಲೆಗೆ ಹೋಗುವಾಗ ಬಿಣಗಾ, ಅರ್ಗಾ, ಚೆಂಡಿಯಾ ದಾಟಿದ ಮೇಲೆ ಸಿಗುತ್ತದೆ. ವೀರಗಣಪತಿ ದೇವಸ್ಥಾನ ಅಂದರೆ ಕೆಲವರಿಗೆ ಗೊತ್ತಾಗಬಹುದು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಸಮುದ್ರ, ನಡುವೆ ಗದ್ದೆ, ಗದ್ದೆಯ ನಡುವೆ ಹೆದ್ದಾರಿ. ನೋಟುಬುಕ್ಕಿನ ಮೊದಲ ಪುಟದಲ್ಲಿ 1995 ಅಂತ ಇದೆ, ಕೊನೆಯ ಪುಟದಲ್ಲಿ 2005. ಎಂಟು ವರ್ಷದ ಹುಡುಗ ಹದಿನೆಂಟರವನಾಗುವ ತನಕದ ಲೆಕ್ಕಪತ್ರ. ಲೆಕ್ಕ ಅಂದರೆ ಬೇರೇನಲ್ಲ, ಯಾರು ಎಷ್ಟು ಗೆದ್ದರು, ಯಾರು ಎಷ್ಟು ಬಾಕಿ ಇಟ್ಟರು....

ಮೊದಲ ಹತ್ತು ಪುಟ ಪೂರ್ತಿ ಗೇರುಬೀಜ. ಕರಾವಳಿಯವರಿಗೆ ಈ ಆಟ ಗೊತ್ತಿರುತ್ತದೆ. ಪರೀಕ್ಷೆ ಮುಗಿಯುವ ಹೊತ್ತಿಗೆ ಗುಡ್ಡದಲ್ಲಿ ಗೇರುಹಣ್ಣು ಬೀಳಲು ಶುರು. ಆಟಕ್ಕೆ ಬರುವವರೆಲ್ಲ ತಲಾ ಎರಡೋ ಮೂರೋ ಬೀಜ ಹಾಕಬೇಕು. ಅವನ್ನು ನೆಲದಲ್ಲಿ ಸಾಲಾಗಿ ಊರಿ ನಿಲ್ಲಿಸಿ, ಹದಿನೈದು ಹೆಜ್ಜೆ ದೂರದಿಂದ ನಮ್ಮ ನಮ್ಮ ದೊಡ್ಡ ಬೀಜದಿಂದ ಗುರಿ ಇಟ್ಟು ಹೊಡೆಯುವುದು. ಬಿದ್ದದ್ದು ಹೊಡೆದವನಿಗೆ. ಆ ದೊಡ್ಡ ಬೀಜವನ್ನು ಮಾತ್ರ ಯಾರೂ ಮಾರುತ್ತಿರಲಿಲ್ಲ, ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗುವವರೂ ಇದ್ದರು (ನಾನೇ!). ಉಳಿದದ್ದನ್ನು ಅಂಗಡಿಯಲ್ಲಿ ತೂಕಕ್ಕೆ ಹಾಕಿದರೆ ಐಸ್‌ಕ್ಯಾಂಡಿಗೆ, ಬಲೂನಿಗೆ, ಟೆನಿಸ್ ಬಾಲಿಗೆ ದುಡ್ಡಾಗುತ್ತಿತ್ತು. ನಮ್ಮ ರಿಸರ್ವ್ ಬ್ಯಾಂಕು ಗುಡ್ಡದ ಮೇಲೆ ಇತ್ತು ಅನ್ನಿ. ಮಳೆ ಬಿದ್ದ ಕೂಡಲೇ ಬ್ಯಾಂಕು ಬಂದ್.

ಮಳೆಗಾಲದ ಮನರಂಜನೆ ಎಂದರೆ ಕಪ್ಪು-ಬಿಳುಪು ಟಿವಿ. ಒಬ್ಬ ಆಂಟೆನಾದ ಕೊಳವೆ ತಿರುಗಿಸುವುದು, ಒಬ್ಬ ಕಿಟಕಿಯಲ್ಲಿ ನಿಂತು “ಬಂತು, ಬಂತು.... ಹೋಯ್ತು” ಅನ್ನುವುದು. 1997ರಲ್ಲಿ ಶಕ್ತಿಮಾನ್ ಶುರುವಾದ ಮೇಲೆ ತಿರುಗಿ ತಿರುಗಿ ಬಿದ್ದು ಹಲ್ಲು ಮುರಿದುಕೊಂಡವರಲ್ಲಿ ನಾನೂ ಒಬ್ಬ. ಆದರೆ ಟಿವಿ ಅಂದಾಗ ನನಗೆ ಈಗಲೂ ಮೊದಲು ನೆನಪಾಗುವುದು 1996ರ ಅಕ್ಟೋಬರ್ 21. ಬೆಂಗಳೂರಲ್ಲಿ ಟೈಟನ್ ಕಪ್ ಪಂದ್ಯ, ಆಸ್ಟ್ರೇಲಿಯಾ ಎದುರು 216 ಹೊಡೆಯಬೇಕು. ಸಚಿನ್ 88ಕ್ಕೆ ಔಟಾದಾಗ 164ಕ್ಕೆ 8 ವಿಕೆಟ್. ಅಪ್ಪ “ಮುಗೀತು” ಅಂತ ಟಿವಿ ಬಂದ್ ಮಾಡಿ ಊಟಕ್ಕೆ ಕೂತುಬಿಟ್ಟರು. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯಿಂದ ಕೂಗು. ಮತ್ತೆ ಸ್ವಲ್ಪ ಹೊತ್ತಿಗೆ ಇನ್ನೂ ದೊಡ್ಡ ಕೂಗು. ಅಪ್ಪ ಮೀನುಸಾರಿನ ಕೈಯಲ್ಲೇ ಎದ್ದು ಬಂದು ಟಿವಿ ಹಚ್ಚಿದರು. ಶ್ರೀನಾಥ್ ಮತ್ತು ಕುಂಬ್ಳೆ ಸೇರಿ 52 ರನ್ ಹೊಡೆದು ಗೆಲ್ಲಿಸಿದರು. ಆ ಟಿವಿಯ ಗುಂಡಿಗೆ ಅಂಟಿದ ಮೀನಿನ ವಾಸನೆ ವಾರವಾದರೂ ಹೋಗಲಿಲ್ಲ.

ಮರುದಿನದಿಂದ ನಾವೆಲ್ಲ ಕುಂಬ್ಳೆಗಳು. ಬ್ಯಾಟಿಂಗ್ ಮಾಡುವುದಕ್ಕೆ ಕುಂಬ್ಳೆಯ ಹೆಸರು ಹೇಳಿಕೊಂಡ ಮಕ್ಕಳು ದೇಶದಲ್ಲಿ ನಾವೇ ಇರಬೇಕು!

ಗದ್ದೆ ಕೊಯ್ಲು ಮುಗಿದ ಮೇಲೆ ಕೂಳೆ ಕಿತ್ತು, ಸೊಂಟದೆತ್ತರದ ಗದ್ದೆಯಂಚು ಇಲ್ಲದ ಕಡೆ ನೋಡಿ ಪಿಚ್ಚು ಮಾಡುತ್ತಿದ್ದೆವು. ತೆಂಗಿನ ಗರಿಯ ದಪ್ಪ ಬುಡವನ್ನು ಕೆತ್ತಿದರೆ ಬ್ಯಾಟು. ನೋಟುಬುಕ್ಕಿನ ಹನ್ನೆರಡನೇ ಪುಟದಲ್ಲಿ ಕಾನೂನು ಬರೆದಿಟ್ಟಿದ್ದೇವೆ: ಬಾಲು ಹೆದ್ದಾರಿಗೆ ಹೋದರೆ ಔಟ್, ಲಾರಿಯಡಿ ಸಿಕ್ಕರೆ ಹೊಡೆದವನೇ ಹೊಸ ಬಾಲು ತರಬೇಕು. ತೆಂಗಿನಮರಕ್ಕೆ ಬಡಿದು ಬಂದ ಬಾಲು ಹಿಡಿದರೆ ಅರ್ಧ ಔಟ್. (ಅರ್ಧ ಔಟ್ ಅಂದರೆ ಏನು ಅಂತ ಈಗ ಯಾರಿಗೂ ನೆನಪಿಲ್ಲ, ಆದರೆ ಆಗ ಅದಕ್ಕಾಗಿ ಹೊಡೆದಾಡಿದ್ದೇವೆ.) 1998ರ ಜನವರಿ 26ಕ್ಕೆ ಕೊಂಕಣ ರೈಲು ಮಾರ್ಗ ಪೂರ್ತಿ ತೆರೆದ ಮೇಲೆ ಇನ್ನೊಂದು ಕಾನೂನು ಸೇರಿತು. ರೈಲು ಬಂದರೆ ಆಟ ನಿಲ್ಲಿಸಬೇಕು. ಯಾಕೆ ಅಂದರೆ, ಫೀಲ್ಡರುಗಳೆಲ್ಲ ಡಬ್ಬಿ ಎಣಿಸುತ್ತ ನಿಂತಾಗ ಬ್ಯಾಟ್ಸ್‌ಮನ್ ಆರೇಳು ರನ್ ಓಡಿಬಿಡುತ್ತಿದ್ದ.

ಇಷ್ಟರ ನಡುವೆ ಬಂದವನು ಅರ್ಗಾ.

ಸೀಬರ್ಡ್ ಬಗ್ಗೆ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಎರಡು ಮಾತು. ಕಾರವಾರ-ಅಂಕೋಲೆ ನಡುವಿನ ಕಡಲತೀರದಲ್ಲಿ ನೌಕಾನೆಲೆ ಕಟ್ಟಲು 1986ರ ಅಕ್ಟೋಬರ್‌ನಲ್ಲಿ ರಾಜೀವ್ ಗಾಂಧಿ ಶಂಕುಸ್ಥಾಪನೆ ಮಾಡಿದ್ದರು. ನಾನು ಹುಟ್ಟುವ ಮೊದಲೇ ಹಾಕಿದ ಕಲ್ಲು ಅದು. ಆಮೇಲೆ ವರ್ಷಗಟ್ಟಲೆ “ಇವತ್ತು ಏಳಿಸುತ್ತಾರೆ, ನಾಳೆ ಏಳಿಸುತ್ತಾರೆ” ಎನ್ನುವ ಮಾತು. ತೊಂಬತ್ತರ ದಶಕದ ಕೊನೆಯಲ್ಲಿ ಕಡಲ ಬದಿಯ ಊರುಗಳ ಸಾವಿರಾರು ಕುಟುಂಬ ನಿಜಕ್ಕೂ ಎದ್ದವು. ಅವರಿಗಾಗಿ ತೋಡೂರು, ಮುದಗಾ, ನಮ್ಮ ಅಮದಳ್ಳಿ ಮುಂತಾದ ಕಡೆ ಕಾಲೋನಿಗಳಾದವು. ಅಳತೆ ಹಾಕಿದ ಪ್ಲಾಟು, ನೇರ ರಸ್ತೆ, ಇನ್ನೂ ಒಂದೂ ಮರ ಬೆಳೆಯದ ಅಂಗಳ.

1999ರ ಮಳೆಗಾಲ ಮುಗಿದ ಮೇಲೆ ಒಂದು ಸಂಜೆ ಕಾಲೋನಿ ಕಡೆಯಿಂದ ಒಬ್ಬ ಹುಡುಗ ಬಂದು ಗದ್ದೆಯಂಚಿನಲ್ಲಿ ಕೂತ. ನನ್ನದೇ ವಯಸ್ಸು. ಏಳನೇ ಕ್ಲಾಸು. ಎರಡು ದಿನ ಸುಮ್ಮನೆ ನೋಡಿದ. ಮೂರನೇ ದಿನ ಬಾಲು ಅವನ ಕಡೆ ಹೋಯಿತು, ಎತ್ತಿ ಎಸೆದ, ನೇರ ಸ್ಟಂಪಿಗೆ! ಆವತ್ತೇ ಟೀಮಿಗೆ ಸೇರಿಸಿಕೊಂಡೆವು. ಎಲ್ಲಿಯವನು ಅಂದಾಗ “ಅರ್ಗಾ” ಅಂದ. ಅದೇ ಹೆಸರಾಯಿತು. “ಕುಂಬ್ಳೆ ಅಂದ್ರೂ ಊರೇ ಅಲ್ವೇನಾ, ಕಾಸರಗೋಡಿನ ಹತ್ರ ಉಂಟಂತೆ” ಅಂತ ನಮ್ಮಲ್ಲೊಬ್ಬ ಸಮಾಧಾನ ಹೇಳಿದ. ಅದೇ ವರ್ಷದ ಫೆಬ್ರವರಿ 7ಕ್ಕೆ ದೆಹಲಿಯಲ್ಲಿ ಕುಂಬ್ಳೆ ಹತ್ತಕ್ಕೆ ಹತ್ತು ವಿಕೆಟ್ ತೆಗೆದಿದ್ದರಿಂದ ಊರಿನ ಹೆಸರಿಟ್ಟುಕೊಳ್ಳುವುದು ಅವಮಾನವೇನೂ ಆಗಿರಲಿಲ್ಲ.

ಅರ್ಗಾ ಕಲಿತದ್ದು ಮರಳಿನ ಕ್ರಿಕೆಟ್ಟು. ಇಳಿತದ ಹೊತ್ತಿಗೆ ನೀರು ಹಿಂದೆ ಸರಿದಾಗ ಒದ್ದೆ ಮರಳು ಸಿಮೆಂಟಿನಂತೆ ಗಟ್ಟಿ. ಅಲ್ಲಿ ಪಿಚ್ಚು. ನೀರಿಗೆ ಹೋದ ಬಾಲಿಗೆ ಎರಡೇ ರನ್, ತೆರೆ ವಾಪಸು ತಂದುಕೊಟ್ಟರೆ ರನೌಟ್ ಮಾಡಬಹುದು. ಭರತ ಬಂದರೆ ಪಂದ್ಯ ಡ್ರಾ! ಇದನ್ನೆಲ್ಲ ಅವನು ಹೇಳುವಾಗ ನಮಗೆ ಹೊಟ್ಟೆಕಿಚ್ಚು. ನಮಗೂ ಸಮುದ್ರ ಇತ್ತು, ಆದರೆ ನಾವು ಗದ್ದೆಯವರು. ಅವನ ಪ್ರತಿ ಮಾತೂ “ನಮ್ಮಲ್ಲಿ ಹಂಗಲ್ಲ” ಅಂತಲೇ ಶುರುವಾಗುತ್ತಿತ್ತು.

ಒಂದು ದಿನ, ನೋಟುಬುಕ್ಕಿನ ಪ್ರಕಾರ 2000ದ ಜನವರಿಯಲ್ಲಿ, ಒಂದು ರನೌಟಿಗೆ ಜಗಳವಾಯಿತು. ಅವನು ಬ್ಯಾಟು ಗೆರೆಯೊಳಗೆ ಇತ್ತು ಅಂದ. ನಾನು ಬ್ಯಾಟು ಗಾಳಿಯಲ್ಲಿತ್ತು ಅಂದೆ. “ನಮ್ಮಲ್ಲಿ ಹಂಗಲ್ಲ, ನಮ್ಮೂರಲ್ಲಿ...” ಅಂತ ಶುರುಮಾಡಿದ. ನಾನು ಹೇಳಿದೆ, “ನಿಮ್ಮೂರು ಎಲ್ಲುಂಟಾ? ಊರೇ ಇಲ್ಲ, ರೂಲ್ಸು ಎಲ್ಲಿಂದ ಬಂತಾ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನು ಬ್ಯಾಟನ್ನು ಮೆಲ್ಲಗೆ ಮಲಗಿಸಿ, ಗದ್ದೆಯಂಚಿನ ಮೇಲೆ ಇಟ್ಟಿದ್ದ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ನಡೆದುಬಿಟ್ಟ.

ಆಮೇಲಿನ ಹನ್ನೆರಡು ದಿನ ಅವನ ಹೆಸರಿನ ಮುಂದೆ ಖಾಲಿ ಇದೆ. ಬರೆದವನು ನಾನೇ. ಗೆರೆ ಎಳೆದು, ಹೆಸರು ಬರೆದು, ಮುಂದೆ ಖಾಲಿ ಬಿಟ್ಟಿದ್ದೇನೆ. ಹೆಸರು ಹೊಡೆದುಹಾಕಲಿಲ್ಲ ಅನ್ನುವುದಷ್ಟೇ ನನ್ನ ಒಳ್ಳೆಯತನ. ಹದಿಮೂರನೇ ದಿನ ತಾನಾಗಿಯೇ ಬಂದ, ಬಾಲು ತಗೊಂಡ, ಬೌಲಿಂಗ್ ಮಾಡಿದ, ನನ್ನನ್ನೇ ಔಟ್ ಮಾಡಿದ. ಯಾರೂ ಏನೂ ಮಾತಾಡಲಿಲ್ಲ. ನಾನೂ ಕೂಡ.

ಆಮೇಲಿನ ವರ್ಷಗಳಲ್ಲಿ ನಾವಿಬ್ಬರೂ ಬಿಟ್ಟಿರದ ಗೆಳೆಯರಾದೆವು. ಜಾತ್ರೆಯಲ್ಲಿ ಕೊಂಡ, ಒಂದರ ಮೇಲೊಂದು ಇಟ್ಟಿಗೆ ಬೀಳುವ ವಿಡಿಯೋ ಗೇಮಿನ ಸೆಲ್ಲನ್ನು ಬಿಸಿಲಿಗಿಟ್ಟು ಮತ್ತೆರಡು ದಿನ ಓಡಿಸಿದೆವು. ಕಾರವಾರದ ಕಂಪ್ಯೂಟರ್ ಕ್ಲಾಸಿನಲ್ಲಿ ಸರ್ ಆಚೆ ಹೋದಾಗ ಡೇವ್ ಆಡಿದೆವು, ಪ್ರಿನ್ಸ್ ಆಫ್ ಪರ್ಷಿಯಾದ ರಾಜಕುಮಾರನನ್ನು ಮುಳ್ಳಿನ ಮೇಲೆ ಬೀಳಿಸಿದೆವು. ಕೊಯ್ದ ಗದ್ದೆಯಲ್ಲಿ ಯಕ್ಷಗಾನಕ್ಕೆ ಚಾಪೆ ಹಾಸಿ, ಮಹಿಷಾಸುರ ಬರುವಾಗ ಎಬ್ಬಿಸು ಅಂತ ಒಬ್ಬರಿಗೊಬ್ಬರು ಹೇಳಿ ಇಬ್ಬರೂ ಮಲಗಿಬಿಟ್ಟೆವು. ಊರಿನ ಹುಡುಗರ ಸಾಮಾಜಿಕ ನಾಟಕದಲ್ಲಿ ನಾನು ಪೋಲೀಸ್ ಪೇದೆ, ಅವನು ಪರದೆ ಎಳೆಯುವವ. ಟ್ಯೂಬ್‌ಲೈಟ್ ಕಟ್ಟಿ ರಾತ್ರಿಯೆಲ್ಲ ನಡೆಯುವ ವಾಲಿಬಾಲ್ ಟೂರ್ನಮೆಂಟಿನಲ್ಲಿ ಕಾಲೋನಿ ಟೀಮು ನಮ್ಮನ್ನು ಸೋಲಿಸಿದ್ದೂ ಇದೇ ಪುಸ್ತಕದಲ್ಲಿದೆ. 2004ರಲ್ಲಿ ಅಪ್ಪ ನೋಕಿಯಾ 1100 ತಂದ ಮೇಲೆ ಗದ್ದೆಯಂಚಿನಲ್ಲಿ ಕೂತು ಹಾವಿನ ಆಟ ಆಡುವವರೇ ಹೆಚ್ಚಾದರು. ನೋಟುಬುಕ್ಕಿನ ಪುಟಗಳೂ ತೆಳ್ಳಗಾದವು.

ಕಂಪ್ಯೂಟರ್ ಕ್ಲಾಸಿಗೆ ಹೋಗುವ ಬಸ್ಸು ಅರ್ಗಾ ದಾಟಿಯೇ ಹೋಗಬೇಕು. ರಸ್ತೆಯುದ್ದಕ್ಕೂ ಕಂಪೌಂಡು. ಮೊದಲೆಲ್ಲ ಅವನು ಕಿಟಕಿ ಬದಿ ಕೂರುತ್ತಿರಲಿಲ್ಲ. ಒಂದು ದಿನ ತಾನಾಗಿಯೇ ಕೂತ. ಬಸ್ಸು ತಿರುವಿಗೆ ಬಂದಾಗ ಗೋಡೆಯಾಚೆ ಕಾಣುವ ತೆಂಗಿನ ತಲೆಗಳನ್ನು ತೋರಿಸಿ, “ಆ ಎರಡು ಮರದ ಈಚೆ ನಮ್ಮ ಪಿಚ್ಚು” ಅಂದ. ನಾನು ತಲೆ ಬಗ್ಗಿಸಿ ನೋಡುವಷ್ಟರಲ್ಲಿ ಬಸ್ಸು ಮುಂದೆ ಹೋಗಿತ್ತು. “ಹೊಸ ಬಾಲು ಒಂದು ಛಾವಣಿ ಮೇಲೆ ಸಿಕ್ಕಾಕ್ಕೊಂಡಿತ್ತು. ಹೊರಡೂ ಗಡಿಬಿಡಿಯಲ್ಲಿ ತೆಗೂದೇ ಆಗ್ಲಿಲ್ಲ ಮಾರಾಯಾ” ಅಂದ. ಅಷ್ಟೇ. ಐದು ಸೆಕೆಂಡಿನ ಊರು.

ಆ ದಿನ ಕೇಳಬಹುದಿತ್ತು ಕ್ಷಮೆ. ಕೇಳಲಿಲ್ಲ. “ಎಷ್ಟು ರೂಪಾಯಿ ಬಾಲು?” ಅಂದೆ.

2005ರ ಮೇ 31ಕ್ಕೆ ಐಎನ್‌ಎಸ್ ಕದಂಬ ಲೋಕಾರ್ಪಣೆಯಾಯಿತು. ಆ ವರ್ಷವೇ ನಾನು ಟ್ರಂಕು ಹಿಡಿದು ಹುಬ್ಬಳ್ಳಿ ಬಸ್ಸು ಹತ್ತಿದೆ, ಅರ್ಗಾ ಕೆಲಸಕ್ಕೆಂದು ಗೋವೆಗೆ ಹೋದ. ಹೊರಡುವ ಹಿಂದಿನ ಸಂಜೆ ಆಡಿದ ಪಂದ್ಯ ಕೊನೆಯ ಪುಟದಲ್ಲಿದೆ. ಆರೇ ಜನ. ಫಲಿತಾಂಶ ಬರೆದಿಲ್ಲ.

ಇದಿಷ್ಟನ್ನು ಮಗಳಿಗೆ ಹೇಳಿದೆ, ರನೌಟಿನ ಜಗಳ ಒಂದನ್ನು ಬಿಟ್ಟು. ಹಬ್ಬ ಮುಗಿಸಿ ಕಾರಲ್ಲಿ ಹೊರಟಾಗ “ಆ ಗ್ರೌಂಡ್ ತೋರಿಸು” ಅಂತ ಹಟ ಹಿಡಿದಳು. ತೋರಿಸುವುದೇನು? ಆಗ ಹೆದ್ದಾರಿ 17 ಆಗಿದ್ದದ್ದು ಈಗ 66. ಚತುಷ್ಪಥ ಮಾಡುವಾಗ ರಸ್ತೆ ಬದಿಯ ನಮ್ಮ ಗದ್ದೆಯ ಅರ್ಧ ಹೋಗಿದೆ. ಪರಿಹಾರ ಬಂತು, ರಸ್ತೆ ಚೆನ್ನಾಗಿದೆ, ಅದೇ ರಸ್ತೆಯಲ್ಲಿ ನಾನೇ ಜೋರಾಗಿ ಹೋಗುತ್ತೇನೆ. ದೂರುವ ಹಕ್ಕೇನೂ ನನಗಿಲ್ಲ. ಅರ್ಗಾನ ಮನೆಯವರಿಗೆ ಬಿಟ್ಟುಹೋಗಲು ಇದ್ದದ್ದು ಇಡೀ ಊರು, ನನ್ನದು ಅರ್ಧ ಗದ್ದೆ. ಆದರೂ ಕಿಟಕಿಯಿಂದ ಕೈ ಹೊರಗೆ ಹಾಕಿ, “ಆ ತೆಂಗಿನಮರದ ಈಚೆ ನಮ್ಮ ಪಿಚ್ಚು” ಅಂದೆ. ಮಗಳು ತಿರುಗುವಷ್ಟರಲ್ಲಿ ಕಾರು ಮುಂದೆ ಬಂದಿತ್ತು.

ಎಲ್ಲೋ ಕೇಳಿದ ಮಾತು ಅನ್ನಿಸಿತು. ಮುಂದೆ ಚಹಾದಂಗಡಿ ಹತ್ತಿರ ಕಾರು ನಿಲ್ಲಿಸಿದೆ.

ಅರ್ಗಾನಿಗೆ ಫೋನು ಮಾಡಿದೆ. ವರ್ಷಕ್ಕೊಂದೆರಡು ಸಲ ಮಾತಾಡುತ್ತೇವೆ, ಹಬ್ಬಕ್ಕೆ, ಮದುವೆಗೆ. ಸುತ್ತುಬಳಸಿ ಮಾತಾಡಿ ಕೊನೆಗೆ ಕೇಳಿದೆ, “ಏಳನೇ ಕ್ಲಾಸಲ್ಲಿ ನಾನು ನಿಂಗೆ ಒಂದು ಮಾತು ಅಂದಿದ್ದೆ, ನೆನಪುಂಟಾ? ತಪ್ಪಾಗಿತ್ತು ಮಾರಾಯಾ.”

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಹೇಳಿದ, “ಇಪ್ಪತ್ತೈದು ವರ್ಷ ಬೇಕಾಯ್ತಾ ನಿಂಗೆ? ಅದು ನಾಟೌಟೇ ಆಗಿತ್ತು. ಬ್ಯಾಟು ಒಳಗಿತ್ತು.”

ಇಬ್ಬರೂ ನಕ್ಕೆವು. ಅವನಿಗೆ ಆ ಮಾತು ನಿಜಕ್ಕೂ ಮರೆತಿತ್ತೋ, ಮರೆತಂತೆ ಮಾಡಿ ನನ್ನನ್ನು ಬಿಟ್ಟುಬಿಟ್ಟನೋ, ನಾನು ಕೇಳಲಿಲ್ಲ. ಕಾರಿನಲ್ಲೇ ಡಬ್ಬಿ ಬಿಚ್ಚಿ, ನೋಟುಬುಕ್ಕಿನ ಆ ಪುಟ ಹುಡುಕಿ, ಮಗಳ ಪೆನ್ಸಿಲ್ಲಿನಿಂದ ಅವನ ಹೆಸರಿನ ಮುಂದಿದ್ದ ‘ರನೌಟ್’ ಹೊಡೆದು ‘ನಾಟೌಟ್’ ಅಂತ ಬರೆದೆ.

ಗೇರುಬೀಜ ನಾಲ್ಕೂ ಮಗಳ ಹತ್ತಿರ ಇವೆ. ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಸಾಲಾಗಿ ನಿಲ್ಲಿಸಲು ನೋಡಿದಳಂತೆ. ಕಾಂಕ್ರೀಟಿನಲ್ಲಿ ನಿಲ್ಲುವುದಿಲ್ಲ. “ಸ್ವಲ್ಪ ಮಣ್ಣು ಬೇಕಲ್ಲ ಪಪ್ಪಾ” ಅಂದಳು. ಹೌದಲ್ಲ....

ನಿಮ್ಮೂರಲ್ಲಿ ಯಾವ ಆಟ ಆಡ್ತಿದ್ರಿ? ಆ ಜಾಗ ಇನ್ನೂ ಉಂಟಾ?