ಪೊಮೋನಾದ ಬಿಡಿಭಾಗಗಳ ಸಂತೆ

ಲಾಸ್ ಏಂಜಲೀಸ್‌ನಿಂದ ಪೂರ್ವಕ್ಕೆ ಸುಮಾರು 50 ಕಿಲೋಮೀಟರ್ ಹೋದರೆ ಸ್ಯಾನ್ ಗೇಬ್ರಿಯಲ್ ಬೆಟ್ಟಗಳ ತಪ್ಪಲಿನಲ್ಲಿ ಪೊಮೋನಾ ಸಿಗುತ್ತದೆ. ಇಲ್ಲಿನ ಜಾತ್ರೆ ಮೈದಾನದಲ್ಲಿ ವರ್ಷದ ಕೆಲವು ಭಾನುವಾರಗಳಂದು ಹಳೆಯ ಕಾರುಗಳ ಸಂತೆ ನೆರೆಯುತ್ತದೆ. ಅಲ್ಲಿಯವರ ಬಾಯಲ್ಲಿ ಅದು ‘ಸ್ವಾಪ್ ಮೀಟ್’. ಹೆಸರು ಅದಲುಬದಲಿನದು, ವ್ಯವಹಾರ ಹೆಚ್ಚಾಗಿ ರೊಕ್ಕದ್ದೇ. ಬೆಳಕು ಹರಿಯುವ ಮೊದಲೇ ಗಿರಾಕಿಗಳು ಟಾರ್ಚ್ ಹಿಡಿದು ಬಂದಿರುತ್ತಾರೆ. ಟಾರ್ಪಾಲಿನ ಮೇಲೆ ಕಾರ್ಬುರೇಟರು, ಬಂಪರು, ಸ್ಟೀರಿಂಗ್ ಚಕ್ರ, ಎಂಜಿನ್ನಿನ ಖಾಲಿ ಬ್ಲಾಕು. ನಮ್ಮ ಕಣ್ಣಿಗೆ ಗುಜರಿ, ಅವರಿಗೆ ಬಂಗಾರ!

ಇದೇ ಮೈದಾನದ ಮಗ್ಗುಲಲ್ಲಿ ಡ್ರ್ಯಾಗ್ ರೇಸಿನ ಪಟ್ಟಿಯಿದೆ. ಡ್ರ್ಯಾಗ್ ರೇಸ್ ಎಂದರೆ ತಿರುವಿಲ್ಲದ ಓಟ: ಎರಡು ಕಾರು, ನೇರ ದಾರಿ, ಕಾಲು ಮೈಲಿ, ಅಂದರೆ 1,320 ಅಡಿ. ಬೀದಿಯಲ್ಲಿ ಪಂದ್ಯ ಕಟ್ಟಿ ಪ್ರಾಣ ಕಳೆದುಕೊಳ್ಳುತ್ತಿದ್ದ ಹುಡುಗರನ್ನು ಸುರಕ್ಷಿತ ಪಟ್ಟಿಗೆ ತರಬೇಕೆಂದು ವಾಲಿ ಪಾರ್ಕ್ಸ್ 1951ರಲ್ಲಿ ರಾಷ್ಟ್ರೀಯ ಹಾಟ್ ರಾಡ್ ಸಂಘ ಕಟ್ಟಿದರು. ಸಂಘದ ಮೊದಲ ಅಧಿಕೃತ ಓಟ 1953ರಲ್ಲಿ ನಡೆದದ್ದು ಪೊಮೋನಾದಲ್ಲೇ.

ನಾನು ಹೋದ ದಿನ ಮೂರು ತಲೆಮಾರಿನ ಒಂದು ಕುಟುಂಬದ ಬೆನ್ನಿಗೆ ಬಿದ್ದು ಅರ್ಧ ಸಂತೆ ಸುತ್ತಿದೆ. ಅಜ್ಜ, ಮಗ, ಆಗಷ್ಟೇ ಡ್ರೈವಿಂಗ್ ಲೈಸೆನ್ಸ್ ಪಡೆದ ಮೊಮ್ಮಗಳು. ಅಜ್ಜನ 1970ರ ಷೆವರ್ಲೆ ನೋವಾವನ್ನು ಅವಳಿಗಾಗಿ ರೇಸಿಗೆ ಅಣಿಗೊಳಿಸುವ ಕೆಲಸ ನಡೆದಿತ್ತು.

ಇಂಥ ಸಾಹಸ ಸಾಮಾನ್ಯರ ಕೈಗೆಟುಕಲು ಕಾರಣ ಕಾರ್ಖಾನೆಯವರ ಮಿತವ್ಯಯ. 1955ರಲ್ಲಿ ಬಂದ ಷೆವರ್ಲೆಯ ಸಣ್ಣ ವಿ-8 ಎಂಜಿನ್ನಿನ ಹಿಂಬದಿಗೆ ಗೇರ್‌ಬಾಕ್ಸ್ ಕೂರುವ ಬೋಲ್ಟುಗಳ ಜಾಗ ದಶಕಗಟ್ಟಲೆ ಬದಲಾಗಲಿಲ್ಲ. 1968ರಿಂದ 1974ರವರೆಗಿನ ನೋವಾದ ಮುಂಭಾಗದ ಚೌಕಟ್ಟು 1967-69ರ ಕಮಾರೋದ ಮಾದರಿಯದೇ ಆದ್ದರಿಂದ ಅದರ ಬ್ರೇಕು, ಸ್ಪ್ರಿಂಗು ಇದಕ್ಕೂ ಒಗ್ಗುತ್ತವೆ. ಆದರೆ ಕಣ್ಣುಮುಚ್ಚಿ ಕೊಳ್ಳುವಂತಿಲ್ಲ. 1986ರಲ್ಲಿ ಕ್ರ್ಯಾಂಕ್ ಶಾಫ್ಟಿನ ಹಿಂಬದಿಯ ಸೀಲ್ ಬದಲಾಯಿತು, ಅಲ್ಲಿನ ಬೋಲ್ಟುಗಳ ವೃತ್ತ ಕಿರಿದಾಯಿತು. ಹಳೆಯ ಫ್ಲೈವೀಲ್ ಹೊಸದಕ್ಕೆ ಕೂರದು.

ಹುಡುಗಿ ಒಂದು ಬ್ಲಾಕಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ತಂತಿ ಬ್ರಷ್ಷಿನಿಂದ ಜಿಡ್ಡು ಕೆರೆದಾಗ ಎರಕದ ಸಂಖ್ಯೆ ಕಂಡಿತು: 3970010. ಹೆಸರುವಾಸಿ 350 ಘನ ಅಂಗುಲದ ಬ್ಲಾಕು. ಅಪ್ಪ ಜೇಬಿಗೆ ಕೈ ಹಾಕಿಯೇಬಿಟ್ಟ. ಅಜ್ಜ ಮಾತಾಡದೆ ಕ್ಯಾಲಿಪರ್ ಇಳಿಸಿದರು. ಮೂಲದಲ್ಲಿ 4 ಅಂಗುಲ ಇರಬೇಕಾದ ಸಿಲಿಂಡರು 4.06 ತೋರಿಸಿತು. ಯಾರೋ ಆಗಲೇ ಕೊರೆಸಿದ್ದರು. ಇನ್ನು ಧೈರ್ಯವಾಗಿ ಕೊರೆಯುವಷ್ಟು ಗೋಡೆ ಉಳಿದಿರಲಿಲ್ಲ. ಮೂವರೂ ಮುಂದೆ ನಡೆದರು.

ಅವರಿಗೆ ಹಿಂದಿನ ಆಕ್ಸಲ್ ಕೂಡ ಬೇಕಿತ್ತು, ಅದೂ ಫೋರ್ಡಿನದು! 1957ರಲ್ಲಿ ಬಂದ ಫೋರ್ಡಿನ ‘ಒಂಬತ್ತು ಅಂಗುಲ’ದ ಆಕ್ಸಲ್ ಗಟ್ಟಿಮುಟ್ಟು, ಹಲ್ಲುಚಕ್ರಗಳ ಜೋಡಣೆ ಮುಂದಿನಿಂದ ಇಡಿಯಾಗಿ ಹೊರಬರುತ್ತದೆ. ಷೆವರ್ಲೆ ಅಭಿಮಾನಿಗಳು ಮೂಗು ಮುರಿದರೂ ಇದನ್ನೇ ಹುಡುಕುತ್ತಾರೆ. ತೊಡಕೊಂದೇ. ಫೋರ್ಡಿನ ಚಕ್ರದ ಬೋಲ್ಟುಗಳ ವೃತ್ತ ನಾಲ್ಕೂವರೆ ಅಂಗುಲ, ಷೆವರ್ಲೆಯದು ನಾಲ್ಕೂಮುಕ್ಕಾಲು. ಶಾಫ್ಟ್ ಬದಲಿಸಬೇಕು, ಇಲ್ಲವೇ ಹೊಸ ತೂತು ಕೊರೆಸಬೇಕು.

ಇಷ್ಟೆಲ್ಲ ಮಾಡಿ ಹಳೇ ನೋವಾ ಗೆಲ್ಲುವುದುಂಟೇ? ಉಂಟು. ‘ಬ್ರ್ಯಾಕೆಟ್’ ಓಟದಲ್ಲಿ ತನ್ನ ಕಾರಿಗೆ ಎಷ್ಟು ಸೆಕೆಂಡು ಬೇಕೆಂದು ಚಾಲಕಿಯೇ ಮೊದಲು ಗಾಜಿನ ಮೇಲೆ ಬರೆಯುತ್ತಾಳೆ. ಹದಿನಾಲ್ಕು ಸೆಕೆಂಡಿನ ಕಾರಿಗೆ ಹನ್ನೆರಡರ ಕಾರಿಗಿಂತ ಎರಡು ಸೆಕೆಂಡು ಮೊದಲೇ ಹಸಿರು ದೀಪ. ಬರೆದದ್ದಕ್ಕಿಂತ ಬೇಗ ಮುಟ್ಟಿದರೆ ಸಾಮಾನ್ಯವಾಗಿ ಸೋಲು! ವೇಗಕ್ಕಿಂತ ಮಾತು ತಪ್ಪದ ಕಾರು ಮುಖ್ಯ. ಎರಡೇ ಗೇರಿನ ಹಳೆಯ ಪವರ್‌ಗ್ಲೈಡ್ ಪೆಟ್ಟಿಗೆಗೆ ಇಂದಿಗೂ ಬೇಡಿಕೆ ಇರುವುದು ಅದಕ್ಕೇ.

ನನಗೆ ಕಾಡಿದ ಪ್ರಶ್ನೆ ಬೇರೆ. ಒಂದು ಕಾರು ಓಡಲು ಇನ್ನೆಷ್ಟು ಕಾರು ಬಿಚ್ಚಿಕೊಳ್ಳಬೇಕು? ಅಜ್ಜನಿಗೂ ಈ ಅಳುಕಿತ್ತು. ಕಾರಿನ ಮೈಗೆ ಗರಗಸ ತಾಗಿಸಬಾರದೆಂಬ ಷರತ್ತಿನ ಮೇಲೆಯೇ ಅವರು ಕೀಲಿ ಕೊಟ್ಟದ್ದು. ನೋವಾದ ಮೂಲ ಎಂಜಿನ್, 307 ಘನ ಅಂಗುಲದ್ದು, ಎಣ್ಣೆ ಸವರಿಸಿಕೊಂಡು ಅವರ ಷೆಡ್ಡಿನಲ್ಲಿ ಕೂತಿದೆ. ಬಿಚ್ಚಿದ ಬೋಲ್ಟುಗಳನ್ನು ಮೊಮ್ಮಗಳು ಚೀಟಿ ಅಂಟಿಸಿದ ಡಬ್ಬಿಗಳಲ್ಲಿ ತುಂಬಿಟ್ಟಿದ್ದಾಳೆ.